ಸ್ಪೋರ್ಟ್ ಬೈಕ್ ಕಲಿಯುವವರಿಗೆ: ಮೊದಲು ಕೈ ಸಡಿಲವಾಗಲಿ

ಹೊಸಬರು ಸ್ಪೋರ್ಟ್ ಬೈಕ್ ಬೀಳಿಸುವುದು ಸಾಮಾನ್ಯವಾಗಿ ಮನೆ ಗೇಟಿನ ಮುಂದೆ, ಪೆಟ್ರೋಲ್ ಬಂಕ್‌ನಲ್ಲಿ, ಇಲ್ಲವೇ ಯು-ಟರ್ನ್ ಹೊಡೆಯುವಾಗ. ಕಾರಣ ಸರಳ. ಈ ಬೈಕ್‌ಗಳ ಹ್ಯಾಂಡಲ್ ಕೆಳಗಿರುತ್ತದೆ, ಮಾಮೂಲಿ ಬೈಕಿನಷ್ಟು ತಿರುಗುವುದಿಲ್ಲ, ಸವಾರನ ಭಾರ ಮುಂದಕ್ಕೆ ವಾಲಿರುತ್ತದೆ. ಹೆದರಿದವನು ಹ್ಯಾಂಡಲನ್ನು ಬಿಗಿಯಾಗಿ ಹಿಡಿಯುತ್ತಾನೆ. ಆ ಬಿಗಿಯಿಂದ ಆಕ್ಸಿಲರೇಟರ್ ಜರ್ಕ್ ಹೊಡೆಯುತ್ತದೆ, ಬ್ರೇಕ್ ಒಮ್ಮೆಲೇ ಬೀಳುತ್ತದೆ, ಹ್ಯಾಂಡಲ್ ತಿರುಗಲು ಒಪ್ಪುವುದಿಲ್ಲ. ಮುಂದೆ ಹೇಳುವ ಅಭ್ಯಾಸಗಳೆಲ್ಲ ಕೈಯ ಈ ಬಿಗಿ ಬಿಡಿಸುವುದಕ್ಕೇ.

ಯಾವ ಬೈಕ್?

ಕಲಿಯಲು 150ರಿಂದ 200 ಸಿಸಿ ಸಾಕು. ಸುಜುಕಿ ಜಿಕ್ಸರ್ ಎಸ್‌ಎಫ್ 150ರ ಸೀಟು 795 ಮಿ.ಮೀ. ಎತ್ತರ, ಹ್ಯಾಂಡಲ್ ಸವಾರನನ್ನು ಅಷ್ಟೇನೂ ಬಾಗಿಸುವುದಿಲ್ಲ. ಯಮಹಾ ಆರ್15 ವಿ4 ನಿಜವಾದ ಸ್ಪೋರ್ಟ್ ಭಂಗಿಯದು: 155 ಸಿಸಿ, ಸುಮಾರು 18 ಪಿಎಸ್ (ಅಶ್ವಶಕ್ತಿಯ ಅಳತೆ), ಸೀಟು 815 ಮಿ.ಮೀ., ತೂಕ 140 ಕೆ.ಜಿ.ಗಿಂತ ತುಸು ಹೆಚ್ಚು. ಹೊಸೂರಿನಲ್ಲಿ ತಯಾರಾಗುವ ಟಿವಿಎಸ್ ಅಪಾಚೆ ಆರ್‌ಆರ್ 310ರ ಸೀಟು 810 ಮಿ.ಮೀ. ಆದರೂ ಹೊಸ ಆವೃತ್ತಿಯ ಶಕ್ತಿ 38 ಪಿಎಸ್, ತೂಕ 170 ಕೆ.ಜಿ. ದಾಟುತ್ತದೆ. ಅದು ಎರಡನೇ ಬೈಕ್ ಆಗಲಿ. ನಾಲ್ಕು ಸಿಲಿಂಡರ್‌ನ 600 ಸಿಸಿ ಸೂಪರ್‌ಸ್ಪೋರ್ಟ್‌ಗಳು 100 ಪಿಎಸ್ ಮೀರುತ್ತವೆ. "ನಿಧಾನಕ್ಕೆ ಓಡಿಸ್ತೀನಿ ಬಿಡಿ" ಎನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ಅಂಥ ಬೈಕಿನಲ್ಲಿ ಗುಂಡಿಗೆ ಬಿದ್ದಾಗ ಮಣಿಕಟ್ಟು ಎರಡು ಮಿಲಿಮೀಟರ್ ತಿರುಗಿದರೂ ಬೈಕ್ ಮುಂದಕ್ಕೆ ಜಿಗಿಯುತ್ತದೆ.

ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಲೇಬೇಕೆಂದಿಲ್ಲ. ಎಡಗಾಲು ಗಟ್ಟಿಯಾಗಿ ಊರಿ ಬಲಗಾಲನ್ನು ಬ್ರೇಕ್ ಮೇಲಿಡಲು ಆದರೆ ಸಾಕು.

ಎಲ್‌ಎಲ್‌ಆರ್ (ಕಲಿಕಾ ಪರವಾನಗಿ) ಆರು ತಿಂಗಳು ನಡೆಯುತ್ತದೆ, ಡಿಎಲ್ ಪರೀಕ್ಷೆಗೆ 30 ದಿನ ಕಳೆದಿರಬೇಕು. ಗೇರ್ ಬೈಕ್‌ಗೆ 18 ವರ್ಷ ತುಂಬಿರಬೇಕು. ಆರ್‌ಟಿಒದಲ್ಲಿ 8 ಹಾಕಲು ಸ್ಪೋರ್ಟ್ ಬೈಕ್ ಒಯ್ಯಬೇಡಿ. ಹ್ಯಾಂಡಲ್ ತಿರುಗದ ಗಾಡಿಯಲ್ಲಿ 8 ಹಾಕುವುದು ಸುಮ್ಮನೆ ಕಷ್ಟ. ಯಾರದಾದರೂ ಸ್ಪ್ಲೆಂಡರ್ ಕೇಳಿ ತನ್ನಿ.

ಕೂರುವ ರೀತಿ

ಸೀಟಿನಲ್ಲಿ ಟ್ಯಾಂಕಿಗೆ ತೀರಾ ಅಂಟಿಕೊಳ್ಳಬೇಡಿ, ಒಂದು ಮುಷ್ಟಿಯಷ್ಟು ಜಾಗ ಬಿಡಿ. ಪಾದದ ಮುಂಭಾಗ ಫುಟ್‌ಪೆಗ್ ಮೇಲಿರಲಿ. ಎರಡೂ ಮೊಣಕಾಲಿನಿಂದ ಟ್ಯಾಂಕನ್ನು ಒತ್ತಿ ಹಿಡಿಯಿರಿ, ಮೈಯ ಮೇಲ್ಭಾಗದ ಭಾರವನ್ನು ಹೊಟ್ಟೆ, ಬೆನ್ನು ಹೊರಲಿ, ಮೊಣಕೈ ಬಾಗಿರಲಿ. ಪರೀಕ್ಷೆ ಹೀಗೆ: ಬೈಕನ್ನು ಸ್ಟ್ಯಾಂಡ್‌ನಲ್ಲಿ ನೇರ ನಿಲ್ಲಿಸಿ, ಸವಾರಿಯ ಭಂಗಿಯಲ್ಲಿ ಕೂತು ಎರಡೂ ಕೈಯನ್ನು ಹಿಡಿಯಿಂದ ಎತ್ತಿ. ಮುಂದಕ್ಕೆ ಮುಗ್ಗರಿಸಿದರೆ ಭಾರ ಮಣಿಕಟ್ಟಿನ ಮೇಲಿತ್ತು ಎಂದರ್ಥ. ಅರ್ಧ ಗಂಟೆಗೇ ಅಂಗೈ ಮರಗಟ್ಟಿದರೂ ಕಾರಣ ಇದೇ; ಗ್ಲೌಸ್ ಬದಲಿಸಿದರೆ ಹೋಗುವುದಿಲ್ಲ. ಕ್ಲಚ್ ಮತ್ತು ಬ್ರೇಕ್ ಲಿವರ್‌ಗಳನ್ನು ಮುಂಗೈಯ ನೇರಕ್ಕೆ ಬರುವಂತೆ ಕೆಳಕ್ಕೆ ತಿರುಗಿಸಿಕೊಳ್ಳಿ, ಮಣಿಕಟ್ಟು ಮೇಲಕ್ಕೆ ಮಡಚಬಾರದು.

ಖಾಲಿ ಮೈದಾನದಲ್ಲಿ

ಡಾಂಬರು ಅಥವಾ ಕಾಂಕ್ರೀಟ್ ಹಾಕಿದ ಖಾಲಿ ಜಾಗ ಹುಡುಕಿ. ಮಣ್ಣಿನ ಮೈದಾನ ಬೇಡ. ಮೊದಲಿಗೆ ಕ್ಲಚ್ ಒಂದೇ. ಎಂಜಿನ್ ಚಾಲೂ ಮಾಡಿ, ಒಂದನೇ ಗೇರ್ ಹಾಕಿ, ಆಕ್ಸಿಲರೇಟರ್ ಮುಟ್ಟದೆ ಕ್ಲಚ್ಚನ್ನು ಕೂದಲೆಳೆಯಷ್ಟೇ ಬಿಡುತ್ತಾ ಬನ್ನಿ. ಎಂಜಿನ್ ಸದ್ದು ತಗ್ಗಿ ಬೈಕ್ ಮುಂದಕ್ಕೆ ಎಳೆಯುವ ಬಿಂದು ಸಿಗುತ್ತದೆ. ಅಲ್ಲೇ ನಿಲ್ಲಿಸಿ, ಮತ್ತೆ ಹಿಡಿಯಿರಿ. ಇದನ್ನು ಕೈ ಮರೆಯದಷ್ಟು ಸಲ ಮಾಡಿ. (ಸೈಡ್ ಸ್ಟ್ಯಾಂಡ್ ಇಳಿದಿದ್ದರೆ ಗೇರ್ ಹಾಕಿದೊಡನೆ ಎಂಜಿನ್ ನಿಲ್ಲುತ್ತದೆ. ಬೈಕ್ ಕೆಟ್ಟಿತೆಂದು ಮೆಕ್ಯಾನಿಕ್‌ಗೆ ಫೋನ್ ಮಾಡುವ ಮುನ್ನ ಅದನ್ನೊಮ್ಮೆ ನೋಡಿ.)

ಆಮೇಲೆ ನಿಧಾನದ ಓಟ. ಕ್ಲಚ್ ಅರ್ಧ ಹಿಡಿದು, ಆಕ್ಸಿಲರೇಟರ್ ಸ್ಥಿರವಾಗಿಟ್ಟು, ವೇಗವನ್ನು ಹಿಂದಿನ ಬ್ರೇಕ್‌ನಿಂದ ತಗ್ಗಿಸುತ್ತಾ ನಡಿಗೆಯ ವೇಗದಲ್ಲಿ 20 ಮೀಟರ್ ನೇರ ಹೋಗಿ. ಹಿಂದಿನ ಬ್ರೇಕ್ ಮೆಲ್ಲಗೆ ಒತ್ತಿದಂತೆ ಬೈಕ್ ಅಲುಗಾಟ ಬಿಟ್ಟು ನೆಟ್ಟಗೆ ಸಾಗುತ್ತದೆ. ಇದು ಬಂದ ಮೇಲೆ ವೃತ್ತ, ಆಮೇಲೆ ಯು-ಟರ್ನ್. ಯು-ಟರ್ನ್‌ನಲ್ಲಿ ಕಣ್ಣು ಮುಂದಿನ ಚಕ್ರದ ಮೇಲಿದ್ದರೆ ಬೈಕೂ ಅಲ್ಲಿಗೇ ಬೀಳುತ್ತದೆ. ಗಲ್ಲವನ್ನು ಭುಜದ ಮೇಲಕ್ಕೆ ತಿರುಗಿಸಿ, ಹೋಗಬೇಕಾದ ಕಡೆ ನೋಡಿ.

ಒಂದು ಕಟ್ಟುನಿಟ್ಟು: ಹ್ಯಾಂಡಲ್ ತಿರುಗಿರುವಾಗ ನಡಿಗೆಯ ವೇಗದಲ್ಲಿ ಮುಂದಿನ ಬ್ರೇಕ್ ಮುಟ್ಟಲೇಬಾರದು. ಮುಂದಿನ ಸಸ್ಪೆನ್ಷನ್ ಕುಸಿದು ಬೈಕ್ ತಿರುವಿನ ಒಳಕ್ಕೆ ಒರಗುತ್ತದೆ, 140 ಕೆ.ಜಿ. ಒಂದು ಕಾಲಿನ ಮೇಲೆ ನಿಲ್ಲುವುದಿಲ್ಲ. ಅಷ್ಟು ಕಡಿಮೆ ವೇಗದಲ್ಲಿ, ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕೂಡ ನೆರವಿಗೆ ಬರುವುದಿಲ್ಲ. ಬಿದ್ದರೆ ಸಾಮಾನ್ಯವಾಗಿ ಹೋಗುವುದು ಲಿವರ್, ಇಂಡಿಕೇಟರ್, ಫೇರಿಂಗ್ (ಬೈಕಿನ ಪ್ಲಾಸ್ಟಿಕ್ ಹೊದಿಕೆ); ಫೇರಿಂಗ್ ಬೆಲೆ ಕೇಳಿದ ಮೇಲೆ ಈ ಪಾಠ ಮರೆಯುವುದಿಲ್ಲ.

ಗೇರ್

ಸ್ಪ್ಲೆಂಡರ್‌ನಂಥ ಬೈಕ್‌ನಿಂದ ಬಂದವರು ಎಚ್ಚರ. ಅಲ್ಲಿ ನಾಲ್ಕೂ ಗೇರ್ ಕೆಳಕ್ಕೆ ಒತ್ತಿದರೆ ಏರುತ್ತವೆ. ಸ್ಪೋರ್ಟ್ ಬೈಕಿನಲ್ಲಿ ಒಂದು ಕೆಳಗೆ, ಉಳಿದವೆಲ್ಲ ಮೇಲಕ್ಕೆ. ಮೂರನೇ ಗೇರ್‌ನಲ್ಲಿ 50ರಲ್ಲಿ ಹೋಗುತ್ತಾ ಹಳೇ ಅಭ್ಯಾಸದಿಂದ ಕೆಳಕ್ಕೆ ಒತ್ತಿದರೆ ನಾಲ್ಕರ ಬದಲು ಎರಡು ಬಿದ್ದು ಎಂಜಿನ್ ಚೀರುತ್ತದೆ, ಹಿಂದಿನ ಚಕ್ರ ಜಾರಲೂಬಹುದು. ಎಂಜಿನ್ ಆರಿಸಿ, ಬೈಕನ್ನು ತುಸು ಹಿಂದೆ ಮುಂದೆ ತಳ್ಳುತ್ತಾ ಗೇರ್ ಮೇಲೆ ಕೆಳಗೆ ಮಾಡಿ ಕಾಲಿಗೆ ಹೊಸ ಕ್ರಮ ಕಲಿಸಿ. ಇಳಿಸುವಾಗ ಒಂದೊಂದೇ ಗೇರ್, ಪ್ರತಿ ಸಲ ಕ್ಲಚ್ ಮೆಲ್ಲಗೆ ಬಿಡಿ. ಗೇರ್ ಇಳಿಸುವಾಗ ಹಿಂದಿನ ಚಕ್ರ ಲಾಕ್ ಆಗದಂತೆ ತಾನೇ ಜಾರಿಕೊಡುವ ಸ್ಲಿಪ್ಪರ್ ಕ್ಲಚ್ ಇದ್ದರೆ ತಪ್ಪು ಸ್ವಲ್ಪ ಮುಚ್ಚಿಹೋಗುತ್ತದೆ, ಅದನ್ನೇ ನಂಬಬೇಡಿ. ಕ್ಲಚ್ ಹಿಡಿಯದೆ ಗೇರ್ ಬದಲಿಸಲು ಬಿಡುವ ಕ್ವಿಕ್‌ಶಿಫ್ಟರ್ ಇದ್ದರೆ ಆರಂಭದ ತಿಂಗಳುಗಳಲ್ಲಿ ಇಲ್ಲವೆಂದೇ ಭಾವಿಸಿ.

ಬ್ರೇಕ್

ನಿಲ್ಲಿಸುವ ಕೆಲಸದ ಬಹುಪಾಲು ಮುಂದಿನ ಬ್ರೇಕ್‌ನದು, ಏಕೆಂದರೆ ಬ್ರೇಕ್ ಹಿಡಿದೊಡನೆ ಭಾರ ಮುಂದಿನ ಚಕ್ರಕ್ಕೆ ಹೋಗುತ್ತದೆ. ಭಾರ ಹೋಗುವ ಮೊದಲೇ ಲಿವರ್ ಚಚ್ಚಿ ಹಿಡಿದರೆ ಟೈರಿಗೆ ಹಿಡಿತ ಸಿಕ್ಕಿರುವುದಿಲ್ಲ, ಜಾರುತ್ತದೆ. ಹಾಗಾಗಿ ಎರಡು ಹಂತ: ಎರಡು ಬೆರಳಿನಿಂದ ಲಿವರ್ ಎಳೆದು ಫೋರ್ಕ್ (ಮುಂದಿನ ಸಸ್ಪೆನ್ಷನ್) ಕುಸಿಯುವುದನ್ನು ಅನುಭವಿಸಿ, ಆಮೇಲೆ ಒತ್ತಡ ಏರಿಸುತ್ತಾ ಹೋಗಿ. ಹಿಂಡುವುದು, ಕಿತ್ತುಕೊಳ್ಳುವುದಲ್ಲ. ಅಭ್ಯಾಸಕ್ಕೆ ಎರಡು ಬಾಟಲಿ ಇಟ್ಟು 30ರ ವೇಗದಲ್ಲಿ ಬಂದು, ಬಾಟಲಿ ಬಂದಾಗ ಹಿಂಡಲು ಶುರುಮಾಡಿ, ಎಷ್ಟು ದೂರಕ್ಕೆ ನಿಂತಿರೆಂದು ಗುರುತು ಹಾಕಿ. ಕಣ್ಣು ದೂರದಲ್ಲಿ, ಮೊಣಕಾಲು ಟ್ಯಾಂಕಿಗೆ, ಕ್ಲಚ್ ಕೊನೆಯಲ್ಲಿ ಮಾತ್ರ. ದೂರ ಸ್ಥಿರವಾದ ಮೇಲೆ 40, ಆಮೇಲೆ 50.

125 ಸಿಸಿ ಮೇಲಿನ ಬೈಕ್‌ಗಳಿಗೆ 2019ರಿಂದ ಎಬಿಎಸ್ ಕಡ್ಡಾಯ. ಸಿಂಗಲ್ ಚಾನೆಲ್ ಇದ್ದರೆ ಅದು ಮುಂದಿನ ಚಕ್ರಕ್ಕಷ್ಟೇ, ಹಿಂದಿನದು ಇನ್ನೂ ಲಾಕ್ ಆಗಬಹುದು. ಎಬಿಎಸ್ ಕೆಲಸ ಮಾಡುವಾಗ ಲಿವರ್ ಬಡಿದುಕೊಂಡಂತೆ ಅನಿಸಿದರೆ ಹೆದರಿ ಬಿಡಬೇಡಿ.

ಲೆಕ್ಕ ಒಂದು ಗೊತ್ತಿರಲಿ. 60ರಲ್ಲಿ ಬೈಕ್ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಅಪಾಯ ಕಂಡು ಕೈ ಬ್ರೇಕ್ ಹಿಡಿಯಲು ಒಂದು ಸೆಕೆಂಡ್ ಹಿಡಿದರೆ, ಒಣ ರಸ್ತೆಯಲ್ಲಿ ಚೆನ್ನಾಗಿ ಬ್ರೇಕ್ ಹಾಕಿದರೂ ನಿಲ್ಲಲು ಒಟ್ಟು 37 ಮೀಟರ್ ಬೇಕು. 80ರಲ್ಲಿ ಅದೇ 58 ಮೀಟರ್ ಆಗುತ್ತದೆ.

ತಿರುವು

25 ಕಿ.ಮೀ. ವೇಗ ದಾಟಿದ ಮೇಲೆ ಎಡಕ್ಕೆ ಹೋಗಲು ಎಡ ಹಿಡಿಯನ್ನು ಮುಂದಕ್ಕೆ ಒತ್ತಬೇಕು, ಬಲಕ್ಕೆ ಬಲ ಹಿಡಿಯನ್ನು. ಓದಲು ತಲೆಕೆಳಗಾಗಿ ತೋರುತ್ತದೆ. ಖಾಲಿ ರಸ್ತೆಯಲ್ಲಿ 40ರಲ್ಲಿ ಒಂದು ಬೆರಳಿನಷ್ಟು ಒತ್ತಿ ನೋಡಿ, ಬೈಕೇ ಉತ್ತರ ಹೇಳುತ್ತದೆ. ಕೈ ಬಿಗಿಯಿದ್ದರೆ ಒಂದು ಕೈ ಒತ್ತುತ್ತದೆ, ಇನ್ನೊಂದು ತಡೆಯುತ್ತದೆ, ಬೈಕ್ ತಿರುಗದೆ ಅಗಲಕ್ಕೆ ಹೋಗುತ್ತದೆ. ವೇಗ ಮತ್ತು ಗೇರ್ ಎರಡನ್ನೂ ತಿರುವಿಗೆ ಮೊದಲೇ ಇಳಿಸಿ, ಒಳಗೆ ಆಕ್ಸಿಲರೇಟರ್ ತುಸುವೇ ತೆರೆದಿರಲಿ. ಬಲ ತಿರುವಿನಲ್ಲಿ ಟೈರು ನಡುಗೆರೆಯ ಈಚೆ ಇದ್ದರೂ ವಾಲಿದ ತಲೆ ಆಚೆ ಹೋಗಿ ಎದುರಿನ ಲಾರಿಯ ದಾರಿಯಲ್ಲಿರುತ್ತದೆ, ಗೆರೆಯಿಂದ ದೂರವಿರಿ. ರೇಸರ್‌ಗಳಂತೆ ವಾಲಿ ನೆಲಕ್ಕೆ ಮೊಣಕಾಲು ಕೆರೆಯುವ ಆಸೆ ಇದ್ದರೆ ಚೆನ್ನೈ ಬಳಿ ಇರುಂಗಾಟ್ಟುಕೋಟ್ಟೈನಲ್ಲಿ ರೇಸ್ ಟ್ರ್ಯಾಕ್ ಇದೆ, ಕೊಯಮತ್ತೂರಿನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ. ನಂದಿಬೆಟ್ಟದ ರಸ್ತೆ ಅದಕ್ಕಲ್ಲ.

ನಮ್ಮ ರಸ್ತೆಗಳಲ್ಲಿ

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್‌ನಿಂದ ಬೈಕ್‌ಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ಗತಿ. ಹಂಪ್‌ನ ಮುನ್ನವೇ ಬ್ರೇಕ್ ಮುಗಿಸಿ ಬಿಟ್ಟುಬಿಡಿ. ಫೋರ್ಕ್ ಕುಸಿದಿರುವಾಗ ಹಂಪ್ ಹತ್ತಿದರೆ ಹೊಡೆತ ನೇರ ಕೈಗೆ. ಸುಗ್ಗಿಯಲ್ಲಿ ಮಂಡ್ಯ, ತುಮಕೂರು, ಹಾಸನದ ಕಡೆ ರಸ್ತೆ ಮೇಲೆ ರಾಗಿ, ಹುರುಳಿ ಒಕ್ಕಣೆ ಹರಡಿರುತ್ತಾರೆ. ಅದರ ಮೇಲೆ ಬ್ರೇಕೂ ಬೇಡ, ತಿರುಗಿಸುವುದೂ ಬೇಡ: ಮೊದಲೇ ನಿಧಾನಿಸಿ, ನೇರ ದಾಟಿ. ಹುಲ್ಲಿನ ಮೇಲೆ ಬಿಸಿ ಸೈಲೆನ್ಸರ್ ಇರುವ ಬೈಕ್ ನಿಲ್ಲಿಸುವುದಂತೂ ಬೇಡವೇ ಬೇಡ. ಕಬ್ಬಿನ ಟ್ರ್ಯಾಕ್ಟರ್‌ಗಳ ಹಿಂದೆ ರಾತ್ರಿ ದೀಪವಿರುವುದೇ ಅಪರೂಪ.

ಘಾಟಿಗೆ ಆತುರವಿಲ್ಲ. ಆಗುಂಬೆಯ 14 ಹೇರ್‌ಪಿನ್‌ಗಳಲ್ಲಿ ಏರುವಾಗ ಎಡ ತಿರುವುಗಳೇ ಕಷ್ಟ: ಒಳ ಅಂಚು ಅತಿ ಕಡಿದು, ಅಲ್ಲಿಗೆ ಹೋದರೆ ಎಂಜಿನ್ ನಿಂತು ಬೈಕ್ ಒಳಕ್ಕೆ ಬೀಳುತ್ತದೆ. ಒಂದನೇ ಗೇರ್‌ನಲ್ಲಿ, ನಿಮ್ಮ ಪಥದೊಳಗೇ ಸ್ವಲ್ಪ ಹೊರಗಿನಿಂದ ಏರಿ. ಮೇಲಿನಿಂದ ಮಿನಿ ಬಸ್ ಬರುತ್ತಿದ್ದರೆ ತಿರುವಿಗೆ ಮುಂಚೆಯೇ ನಿಂತು ಅದಕ್ಕೆ ದಾರಿ ಬಿಡಿ. ಮಳೆಗಾಲದಲ್ಲಿ ಅಲ್ಲಿ ಕಲಿಯುವುದು ಬೇಡ.

ತೊಡುವುದು, ನೋಡಿಕೊಳ್ಳುವುದು

ಪೂರ್ತಿ ಮುಖ ಮುಚ್ಚುವ, ಐಎಸ್ 4151 (ಹೆಲ್ಮೆಟ್‌ನ ಭಾರತೀಯ ಮಾನದಂಡ) ಗುರುತಿನ ಹೆಲ್ಮೆಟ್. ಪಟ್ಟಿ ಕಟ್ಟಿ ಹಿಂದಿನಿಂದ ಎತ್ತಿ ನೋಡಿದರೆ ಕಳಚಬಾರದು. ಬೀಳುವಾಗ ಮೊದಲು ನೆಲ ಮುಟ್ಟುವುದು ಅಂಗೈ, ಆದ್ದರಿಂದ ದುಡ್ಡು ಕಡಿಮೆಯಿದ್ದರೆ ಹೆಲ್ಮೆಟ್ ನಂತರ ಗ್ಲೌಸ್, ಆಮೇಲೆ ಕಾಲ್ಗಂಟು ಮುಚ್ಚುವ ಬೂಟು, ಜಾಕೆಟ್. ಬೂಟಿನ ಲೇಸ್ ಒಳಕ್ಕೆ ಸಿಗಿಸಿ. ಗೇರ್ ಲಿವರ್‌ಗೆ ಸಿಕ್ಕಿದರೆ ಸಿಗ್ನಲ್‌ನಲ್ಲಿ ಕಾಲು ಇಳಿಯುವುದಿಲ್ಲ.

ಹೊಸ ಟೈರಿನ ಮೇಲ್ಮೈ ನುಣುಪು, ಮೊದಲ 100 ಕಿ.ಮೀ. ಹೆಚ್ಚು ವಾಲಿಸಬೇಡಿ. ಗಾಳಿಯನ್ನು ವಾರಕ್ಕೊಮ್ಮೆ, ಟೈರು ತಣ್ಣಗಿರುವಾಗ, ಮ್ಯಾನ್ಯುವಲ್‌ನಲ್ಲಿರುವ ಅಳತೆಗೆ ನೋಡಿ. ಚೈನಿಗೆ ಸುಮಾರು 500 ಕಿ.ಮೀ.ಗೊಮ್ಮೆ ಮತ್ತು ಮಳೆಯಲ್ಲಿ ನೆಂದ ಮೇಲೆ ಲ್ಯೂಬ್, ಎಂಜಿನ್ ಆರಿಸಿ ಚಕ್ರವನ್ನು ಕೈಯಿಂದ ತಿರುಗಿಸುತ್ತಾ. ಗೇರ್‌ನಲ್ಲಿ ಎಂಜಿನ್ ಓಡಿಸುತ್ತಾ ಬಟ್ಟೆ ಹಿಡಿದು ಚೈನ್ ಒರೆಸಲು ಹೋದರೆ ಬಟ್ಟೆಯ ಜೊತೆ ಬೆರಳೂ ಸ್ಪ್ರಾಕೆಟ್‌ಗೆ (ಚೈನಿನ ಹಲ್ಲುಚಕ್ರಕ್ಕೆ) ಸಿಕ್ಕಿ ತುಂಡಾಗುತ್ತದೆ.