ಗಿರಾಕಿಯ ಚಾಟ್ನಿ ತಾರೀಖು ಸಿಆರ್‌ಎಂನಲ್ಲಿ ಸೇರಿಸಿದ ಮೇಲೆ

ವಿಜಯಪುರದಲ್ಲಿ ನಮ್ಮದು ಡ್ರಿಪ್ ಮತ್ತು ಪಂಪ್‌ಸೆಟ್ ಅಂಗಡಿ. ತಿಕೋಟಾ, ಬಬಲೇಶ್ವರ, ಇಂಡಿ ಕಡೆಯ ದ್ರಾಕ್ಷಿ, ದಾಳಿಂಬೆ, ನಿಂಬೆ ಬೆಳೆಗಾರರೇ ಗಿರಾಕಿಗಳು. ಅಪ್ಪನ ಕಾಲದಲ್ಲಿ ಲೆಕ್ಕ ಖಾತೆ ಪುಸ್ತಕದಲ್ಲಿತ್ತು. ಯಾರ ತೋಟ ಎಲ್ಲಿ, ಯಾರ ಬೋರಿನ ನೀರು ಎಂಥದ್ದು, ಯಾರು ಮಣೂಕ (ಒಣದ್ರಾಕ್ಷಿ) ಮಾರಿದ ಮೇಲೆ ಬಾಕಿ ಕೊಡ್ತಾರೆ, ಇದೆಲ್ಲ ಅಪ್ಪನ ತಲೆಯಲ್ಲಿತ್ತು. ಆಮೇಲೆ ನಮ್ಮ ಸೇಲ್ಸ್ ಹುಡುಗನ ಮೊಬೈಲಿಗೆ ಹೋಯಿತು. ಅವನು ಒಂದು ದಿನ ಕೆಲಸ ಬಿಟ್ಟ. ಮೊಬೈಲು ಅವನದು, ಸಿಮ್ಮೂ ಅವನದೇ. ಮುಂದಿನ ಎರಡು ತಿಂಗಳು ರೈತರು ಫೋನ್ ಮಾಡಿ "ನಿಮ್ಮ ಹುಡುಗ್ಗ ಹೇಳಿದ್ದೆನಲ್ರೀ" ಅಂದಾಗ, ಏನು ಹೇಳಿದ್ದರು ಅಂತ ಅಂಗಡಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಮೊದಲು ಎಕ್ಸೆಲ್ ಮಾಡಿದೆವು. ಸಂಜೆ ಕೂತು ತುಂಬಿಸುವ ಕೆಲಸ, ಎರಡನೇ ವಾರಕ್ಕೇ ನಿಂತಿತು. ಆಮೇಲೆ ವಾಟ್ಸ್ಆ್ಯಪ್ ಬಿಸಿನೆಸ್. 2018ರಲ್ಲಿ ಬಂದ ಈ ಆ್ಯಪ್‌ನಲ್ಲಿ ಗಿರಾಕಿಗಳಿಗೆ ಬಣ್ಣದ ಲೇಬಲ್ ಹಾಕಬಹುದು. ಒಬ್ಬರೇ ನಡೆಸುವ ಅಂಗಡಿಗೆ ಅಷ್ಟು ಸಾಕು, ಸುಮ್ನೆ ಜಾಸ್ತಿ ಖರ್ಚು ಮಾಡಬೇಡಿ. ನಮ್ಮಲ್ಲಿ ಮೂರು ಜನ, ಹಾಗಾಗಿ ಜೋಹೋ ಸಿಆರ್‌ಎಂಗೆ ಹೋದೆವು. ಸಿಆರ್‌ಎಂ ಅಂದರೆ ಗಿರಾಕಿಗಳ ಮಾಹಿತಿ, ಮಾತುಕತೆ ಎಲ್ಲ ಒಂದೇ ಕಡೆ ಇಡುವ ಸಾಫ್ಟ್‌ವೇರ್. ಮೂರು ಜನರ ತನಕ ಉಚಿತ.

ಶುರು ಮಾಡಿದ ಕೂಡಲೇ ನಮಗೆ ಹೊಂದಲಿಲ್ಲ. ಅದರಲ್ಲಿದ್ದ ಹಂತಗಳು ಕಂಪನಿಗೆ ಮಾಲು ಮಾರುವವರ ಹಂತಗಳು. ಅದನ್ನೆಲ್ಲ ಅಳಿಸಿ ಡ್ರಿಪ್‌ನ ಸರ್ಕಾರಿ ಸಬ್ಸಿಡಿ ನಡೆಯುವ ಹಂತಗಳನ್ನೇ ಹಾಕಿದೆ: ಅರ್ಜಿ, ವರ್ಕ್ ಆರ್ಡರ್, ಜೋಡಣೆ, ತಪಾಸಣೆ, ಸಬ್ಸಿಡಿ ಜಮಾ ಅಂತ ಬರೆದೆ. ಇನ್ನೊಂದು ತೊಂದರೆ ಹೆಸರುಗಳದ್ದು. ಒಂದೇ ಊರಲ್ಲಿ ಒಂದೇ ಹೆಸರಿನ ನಾಲ್ಕು ಪಾಟೀಲರು, ಐದು ಬಿರಾದಾರರು ಇರ್ತಾರೆ, ಒಬ್ಬ ಹುಡುಗ ಕನ್ನಡದಲ್ಲಿ ಬರೆದರೆ ಇನ್ನೊಬ್ಬ ಇಂಗ್ಲಿಷಿನಲ್ಲಿ ಬರೆದು ಅದೇ ಮನುಷ್ಯನ ಎರಡು ಖಾತೆ ತೆರೆದುಬಿಡ್ತಾನೆ. ಈಗ ನಿಯಮ ಒಂದೇ: ಮೊದಲು ಫೋನ್ ನಂಬರ್ ಹಾಕಿ ಹುಡುಕು, ಸಿಗದಿದ್ದರೆ ಮಾತ್ರ ಹೊಸದು.

ನಿಜವಾದ ಲಾಭ ಕೊಟ್ಟಿದ್ದು ನಾವೇ ಸೇರಿಸಿದ ಮೂರು ಅಂಕಣಗಳು. ಒಂದು ಚಾಟ್ನಿ ತಾರೀಖು, ಅಂದರೆ ದ್ರಾಕ್ಷಿ ಬಳ್ಳಿ ಕತ್ತರಿಸುವ ದಿನ, ಏಪ್ರಿಲ್‌ದು ಮತ್ತು ಅಕ್ಟೋಬರ್‌ದು. ದ್ರಾಕ್ಷಿಯವರ ಇಡೀ ವರ್ಷ ಈ ಎರಡು ಚಾಟ್ನಿಗಳ ಸುತ್ತಲೇ ತಿರುಗುತ್ತದೆ. ಚಾಟ್ನಿಗೆ ಮುಂಚೆ ಪೈಪ್ ತೊಳೆದು, ಒಳಗೆ ಕಟ್ಟಿದ ಉಪ್ಪು ಕರಗಲು ಆಸಿಡ್ ಬಿಡಬೇಕು ಅಂತ ಹದಿನೈದು ದಿನ ಮೊದಲೇ ಫೋನ್ ಮಾಡಿದರೆ ಅವರು ಕೇಳಿಸಿಕೊಳ್ಳುತ್ತಾರೆ. ಚಾಟ್ನಿ ನಡೆದ ದಿನ ಮಾಡಿದರೆ ಫೋನೇ ಎತ್ತೋದಿಲ್ಲ, ಅದು ಸಹಜ ಅಲ್ವಾ? ಎರಡನೆಯದು ಬೋರಿನ ನೀರು ಸವಳೋ ಸಿಹಿಯೋ ಅನ್ನೋದು. ಮೂರನೆಯದು ಡ್ರಿಪ್ ಹಾಕಿದ ವರ್ಷ. ಒಮ್ಮೆ ಸಬ್ಸಿಡಿ ಪಡೆದ ಜಮೀನಿಗೆ ಏಳು ವರ್ಷದ ನಂತರ ಮತ್ತೆ ಅರ್ಜಿ ಹಾಕಬಹುದು. ಇದು ರೈತರಿಗೂ ಮರೆತಿರುತ್ತದೆ. ಹಳೆಯ ಬಿಲ್ ಪುಸ್ತಕ ಹುಡುಕಿ ವರ್ಷಗಳನ್ನು ತುಂಬಿಸಿದೆವು, ಆ ಕೆಲಸಕ್ಕೇ ಒಂದು ತಿಂಗಳು ಹಿಡಿಯಿತು.

ಮೊನ್ನೆ ತಿಕೋಟಾದಿಂದ ಒಬ್ಬ ಹಿರಿಯರು ಫೋನ್ ಮಾಡಿದರು: "ತುದೀ ಗಿಡಕ್ಕ ನೀರ ಬರವಲ್ದುರೀ." ಮಾತಾಡುತ್ತಲೇ ಅವರ ಖಾತೆ ತೆರೆದೆ. ನೀರು ಸವಳು, ಕಳೆದ ವರ್ಷ ಫಿಲ್ಟರ್ ಜಾಳಿಗೆ ಬದಲು, ಆಸಿಡ್ ಒಮ್ಮೆ ಮಾತ್ರ. ಫಿಲ್ಟರಿನ ಎರಡೂ ಗೇಜ್ ನೋಡಿ ಹೇಳಿ ಅಂದೆ. ನೀರಿನ ಒತ್ತಡ ಒಳಗೆ ಹೋಗುವ ಕಡೆ 2 ಕೆಜಿ, ಹೊರಗೆ ಬರುವ ಕಡೆ 1. ಅರ್ಧ ಕೆಜಿಗಿಂತ ಜಾಸ್ತಿ ಫರಕು ಬಂತು ಅಂದರೆ ಫಿಲ್ಟರ್ ಕಟ್ಟಿಕೊಂಡಿದೆ ಅಂತಲೇ ಅರ್ಥ. ಜಾಳಿಗೆ ತೊಳೆಸಿದರು, ನೀರು ತುದಿಗೆ ಹೋಯಿತು. ನಮ್ಮ ಹುಡುಗ ನಲವತ್ತು ಕಿಲೋಮೀಟರ್ ಗಾಡಿ ಓಡಿಸುವುದು ತಪ್ಪಿತು.

1993ರಲ್ಲಿ ಶುರುವಾದ ಸೀಬೆಲ್ ಎಂಬ ಅಮೆರಿಕದ ಸಿಆರ್‌ಎಂ ಕಂಪನಿಯ ಕಾಲದಲ್ಲಿ ಇಂಥ ಸಾಫ್ಟ್‌ವೇರ್ ದೊಡ್ಡ ಕಂಪನಿಗಳ ಮಾತಾಗಿತ್ತು, ಸ್ವಂತ ಸರ್ವರ್ ಬೇಕು, ಅದನ್ನು ನೋಡಿಕೊಳ್ಳಲು ಜನ ಬೇಕು. 1999ರಲ್ಲಿ ಸೇಲ್ಸ್‌ಫೋರ್ಸ್ ಬಂದು ಇಂಟರ್ನೆಟ್ ಮೇಲೆ ಬಾಡಿಗೆಗೆ ಕೊಡಲು ಶುರು ಮಾಡಿತು, 2005ರಲ್ಲಿ ಜೋಹೋ ಸಿಆರ್‌ಎಂ ಬಂತು, 2006ರ ಹೊತ್ತಿಗೆ ಸೀಬೆಲ್ ಒರಾಕಲ್ ಪಾಲಾಗಿತ್ತು. ನಮ್ಮಂಥ ಅಂಗಡಿಗೆ ಇದು ಮುಟ್ಟಿದ್ದು ಮೊಬೈಲಿನಿಂದ.

ಈಗ ಎಲ್ಲರೂ ಎಐ ಏಜೆಂಟ್, ಅಂದರೆ ಹೇಳಿದ ಕೆಲಸ ತಾನೇ ಮಾಡಿ ಮುಗಿಸುವ ಸಾಫ್ಟ್‌ವೇರ್, ಬಗ್ಗೆ ಮಾತಾಡುತ್ತಿದ್ದಾರೆ. ಸೇಲ್ಸ್‌ಫೋರ್ಸ್ 2024ರಲ್ಲಿ ಏಜೆಂಟ್‌ಫೋರ್ಸ್ ತಂದಿತು. ನನಗೆ ಬೇಕಾದ್ದು ಬೇರೆ: ತೋಟದಿಂದ ಹೊರಡುವಾಗ ಹುಡುಗ ಬೈಕ್ ಹತ್ತಿರ ನಿಂತು ನಮ್ಮ ಭಾಷೆಯಲ್ಲಿ ಅರ್ಧ ನಿಮಿಷ ಮಾತಾಡಬೇಕು, "ಬರವಲ್ದು" ಅಂದರೆ ಏನು ಅಂತ ಸಾಫ್ಟ್‌ವೇರಿಗೆ ತಿಳಿಯಬೇಕು, ಸರಿಯಾದ ಅಂಕಣದಲ್ಲಿ ತಾನೇ ಬರೆದುಕೊಳ್ಳಬೇಕು. ಟೈಪ್ ಮಾಡಲು ಬೇಸರ ಆಗಿಯೇ ಅರ್ಧ ಮಾಹಿತಿ ಕಳೆದುಹೋಗುತ್ತದೆ. ಆದರೆ ರೈತರಿಗೆ ಯಂತ್ರದಿಂದ ಫೋನ್ ಮಾಡಿಸಲು ನನಗೆ ಮನಸ್ಸಿಲ್ಲ. ನಂಬರ್ ಕೊಟ್ಟವರು ನಮ್ಮನ್ನು ನಂಬಿ ಕೊಟ್ಟಿದ್ದಾರೆ. 2023ರ ಡೇಟಾ ಸಂರಕ್ಷಣಾ ಕಾಯ್ದೆಯೂ ಒಪ್ಪಿಗೆ ಕೇಳು ಅನ್ನುತ್ತದೆ, ನಾವು ಬಿಲ್ ಮಾಡುವಾಗಲೇ ಕೇಳಿ ಗುರುತು ಹಾಕಿಕೊಳ್ಳುತ್ತೇವೆ.

ಅಕ್ಟೋಬರ್ ಚಾಟ್ನಿ ಹತ್ತಿರ ಬಂದಿದೆ. ಏಳು ವರ್ಷ ತುಂಬಿದವರ ಪಟ್ಟಿ ನಿನ್ನೆ ತೆಗೆದೆ, ಮೂವರೂ ಊರು ಹಂಚಿಕೊಂಡಿದ್ದೇವೆ. ಇಂಡಿ ಕಡೆಯವರಿಗೆ ನಾಳೆ ಬೆಳಿಗ್ಗೆ ಏಳಕ್ಕೆ ನಾನೇ ಫೋನ್ ಮಾಡುತ್ತೇನೆ, ಎಂಟರ ಮೇಲೆ ಅವರು ತೋಟದಲ್ಲಿರುತ್ತಾರೆ.