ಯಾವ ತಾರೀಖಿಗೆ ಯಾವ ನಿಯಮ: ವಿಶ್ವವಿದ್ಯಾಲಯದ ನೀತಿ ದಾಖಲೆಗಳನ್ನು ಇಟ್ಟುಕೊಳ್ಳುವ ಬಗೆ

ಬಾಗಲಕೋಟೆ ಜಿಲ್ಲೆಯ ಹಳೆಯ ಪದವಿ ಕಾಲೇಜೊಂದನ್ನು ತೆಗೆದುಕೊಳ್ಳಿ. 2010ಕ್ಕಿಂತ ಮೊದಲು ಓದಿದವರ ಅಂಕಪಟ್ಟಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದು, ಆಮೇಲಿನವರದು ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ್ದು, ಈಗಿನವರದು ಜಮಖಂಡಿಯ ಬಾಗಲಕೋಟೆ ವಿಶ್ವವಿದ್ಯಾಲಯದ್ದು. ಪಠ್ಯಕ್ರಮವೂ ಹೀಗೇ ಮೇಲಿಂದ ಮೇಲೆ ಬದಲಾಗಿದೆ. 2021-22ರಲ್ಲಿ ನಾಲ್ಕು ವರ್ಷದ ಪದವಿಯ ರಾಷ್ಟ್ರೀಯ ಶಿಕ್ಷಣ ನೀತಿ, ಅಂದರೆ ಎನ್‌ಇಪಿ ಬಂತು. 2024-25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಬಾಕಿ ವಿಷಯ ಉಳಿಸಿಕೊಂಡವರು ಅದಕ್ಕೂ ಹಿಂದಿನ ನಿಯಮದಲ್ಲಿ ಪರೀಕ್ಷೆಗೆ ಕೂಡುತ್ತಾರೆ. ಹಾಗಾಗಿ ಕಚೇರಿಯ ಕಿಟಕಿಗೆ ಬಂದ ವಿದ್ಯಾರ್ಥಿಗೆ 'ಈಗಿನ ನಿಯಮ ಹೀಗಿದೆ' ಎಂದಷ್ಟೇ ಹೇಳಿದರೆ ತಪ್ಪು ಉತ್ತರ ಕೊಟ್ಟಂತೆ. ಅವನು ಪ್ರವೇಶ ಪಡೆದ ದಿನ ಯಾವ ನಿಯಮ ಜಾರಿಯಲ್ಲಿತ್ತು ಎನ್ನುವುದನ್ನು ತೋರಿಸಬೇಕು. ನೀತಿ ದಾಖಲೆಗಳ ನಿರ್ವಹಣೆ ಎಂದರೆ ಮುಖ್ಯವಾಗಿ ಇದೇ.

ಮೊದಲ ಕೆಲಸ ಎಣಿಕೆ. ಕುಲಸಚಿವರ (ರಿಜಿಸ್ಟ್ರಾರ್) ಕಚೇರಿ, ಮೌಲ್ಯಮಾಪನ ವಿಭಾಗ, ಹಣಕಾಸು ವಿಭಾಗ, ಸಿಂಡಿಕೇಟ್ (ವಿಶ್ವವಿದ್ಯಾಲಯದ ಆಡಳಿತ ಮಂಡಳಿ) ಶಾಖೆ, ಐಕ್ಯೂಎಸಿ (ಆಂತರಿಕ ಗುಣಮಟ್ಟ ಖಾತರಿ ಕೋಶ), ಗ್ರಂಥಾಲಯ, ಹಾಸ್ಟೆಲ್ ಹೀಗೆ ಎಲ್ಲ ಕಡೆ ಸ್ವತಃ ಹೋಗಿ, ಅಲ್ಲಿಯವರು ದಿನವೂ ತೆಗೆದು ನೋಡುವ ನಿಯಮದ ಪ್ರತಿಯನ್ನೇ ಕೇಳಿ. ಪತ್ರ ಬರೆದು 'ಮಾಹಿತಿ ಕಳುಹಿಸಿ' ಎಂದರೆ ಕಪಾಟಿನಲ್ಲಿರುವ ಚೆಂದದ ಪ್ರತಿ ಬರುತ್ತದೆ. ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡ, ಪೆನ್ನಿನಿಂದ ತಿದ್ದಿದ ಸುತ್ತೋಲೆ ಬರುವುದಿಲ್ಲ. ಕೆಲಸ ನಡೆಯುತ್ತಿರುವುದು ಮಾತ್ರ ಆ ತಿದ್ದಿದ ಪ್ರತಿಯ ಮೇಲೆಯೇ.

ಸಿಕ್ಕಿದ್ದನ್ನೆಲ್ಲ ಒಂದೇ ವಹಿಗೆ ಇಳಿಸಿ. ಎಕ್ಸೆಲ್ ಹಾಳೆ ಸಾಕು, ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. ಕಾಲಂಗಳು ಹತ್ತು: ಕ್ರಮಸಂಖ್ಯೆ, ಹೆಸರು, ಯಾವ ಬಗೆಯ ದಾಖಲೆ, ಯಾವ ಶಾಖೆಯ ಹೊಣೆ, ಒಪ್ಪಿದ ಸಭೆ ಮತ್ತು ತಾರೀಖು, ಕಾರ್ಯಸೂಚಿಯಲ್ಲಿನ ವಿಷಯ ಸಂಖ್ಯೆ, ಜಾರಿಯಾದ ತಾರೀಖು, ಕೊನೆಗೊಂಡ ತಾರೀಖು, ಮುಂದಿನ ಪರಿಶೀಲನೆ, ಮೂಲ ಕಡತ ಇರುವ ಜಾಗ. ಇವುಗಳಲ್ಲಿ ಜಾರಿಯಾದ ಮತ್ತು ಕೊನೆಗೊಂಡ ತಾರೀಖುಗಳು ಬೇರೆ ಬೇರೆ ಕಾಲಂನಲ್ಲಿರಲೇಬೇಕು. ಹೆಚ್ಚಿನ ಕಡೆ ಇವೆರಡೇ ಖಾಲಿ ಇರುತ್ತವೆ.

'ಯಾವ ಬಗೆಯ ದಾಖಲೆ' ಎಂಬ ಕಾಲಂ ತುಂಬುವಾಗ ಮೇಲು-ಕೆಳಗಿನ ಕ್ರಮ ಗೊತ್ತಿರಬೇಕು. ರಾಜ್ಯದ ಸಾಮಾನ್ಯ ವಿಶ್ವವಿದ್ಯಾಲಯಗಳಿಗೆ ಮೇಲಿರುವುದು ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000. ಅದರ ಕೆಳಗೆ ಪರಿನಿಯಮ, ಅಂದರೆ ಕಚೇರಿ ಮಾತಿನ ಸ್ಟ್ಯಾಚ್ಯೂಟ್. ಇದಕ್ಕೆ ಸಿಂಡಿಕೇಟ್ ಒಪ್ಪಿದರಷ್ಟೇ ಸಾಲದು, ಕುಲಾಧಿಪತಿಗಳಾದ ರಾಜ್ಯಪಾಲರ ಅಂಕಿತವೂ ಬೇಕು. ಆಮೇಲೆ ವಿನಿಯಮಗಳು (ರೆಗ್ಯುಲೇಶನ್), ನಿಯಮಗಳು (ರೂಲ್). ಅವುಗಳ ಕೆಳಗೆ ವಿಶ್ವವಿದ್ಯಾಲಯ ತಾನೇ ಮಾಡಿಕೊಂಡ ನೀತಿ, ಕಾರ್ಯವಿಧಾನ. ಕಟ್ಟಕಡೆಗೆ ಸುತ್ತೋಲೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೂ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೂ ತಮ್ಮದೇ ಅಧಿನಿಯಮಗಳಿವೆ. ಬೆಳಗಾವಿಯ ಕೆಎಲ್‌ಇ, ವಿಜಯಪುರದ ಬಿಎಲ್‌ಡಿಇಯಂಥ ಡೀಮ್ಡ್ (ವಿಶ್ವವಿದ್ಯಾಲಯವೆಂದು ಪರಿಗಣಿತ) ಸಂಸ್ಥೆಗಳಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ವಿನಿಯಮಗಳು ಅನ್ವಯಿಸುತ್ತವೆ. ಆದ್ದರಿಂದ ಪಕ್ಕದ ಊರಿನ ವಿಶ್ವವಿದ್ಯಾಲಯದ ನೀತಿಯನ್ನು ತಂದು ಹೆಸರು ಬದಲಿಸಿದರೆ, ನಿಮ್ಮಲ್ಲಿ ಇಲ್ಲದ ಮಂಡಳಿಗೆ ಅಧಿಕಾರ ಕೊಟ್ಟುಬಿಡುತ್ತೀರಿ.

ಕೆಳಗಿನ ದಾಖಲೆ ಮೇಲಿನದನ್ನು ತಿದ್ದಲಾರದು. ಸುತ್ತೋಲೆಯೊಂದು ವಿನಿಯಮದಲ್ಲಿರುವ ಹಾಜರಾತಿಯ ಮಿತಿಯನ್ನು ಬದಲಿಸಿದ್ದರೆ ಆ ಸುತ್ತೋಲೆ ನಿಲ್ಲುವುದಿಲ್ಲ. ಎಣಿಕೆಯ ಹೊತ್ತಿನಲ್ಲಿ ಇಂಥವು ಕಣ್ಣಿಗೆ ಬಿದ್ದರೆ ಕೆಂಪು ಬಣ್ಣ ಹಚ್ಚಿ, ಬೇರೆಯಾಗಿಯೇ ಕುಲಸಚಿವರಿಗೆ ಕಡತ ಮಂಡಿಸಿ.

ಇನ್ನೊಂದು ಗುಂಪಿನ ಬಗ್ಗೆ ಖಡಾಖಂಡಿತವಾಗಿ ಹೇಳಬೇಕು. ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಮಾನ್ಯತೆ ಕೊಡುವ ನ್ಯಾಕ್ ತಂಡ ಬರುವ ಮುಂಚೆ ಅವಸರದಲ್ಲಿ ಟೈಪ್ ಮಾಡಿ ಜಾಲತಾಣಕ್ಕೆ ಏರಿಸಿದ ನೀತಿಗಳು: ಹಸಿರು ಆವರಣ ನೀತಿ, ಐಟಿ ನೀತಿ, ಸಂಶೋಧನಾ ನೀತಿ. ಇವುಗಳಲ್ಲಿ ಯಾವ ಸಭೆಯ ಮುಂದೂ ಹೋಗದವು ಇರುತ್ತವೆ. ಅವುಗಳಿಗೆ ಹಿಂದಿನ ತಾರೀಖು ಹಾಕುವುದು ದಾಖಲೆ ತಿರುಚಿದಂತೆ, ಅದನ್ನು ಯಾರು ಹೇಳಿದರೂ ಮಾಡಬೇಡಿ. ನೀತಿ ಬೇಕಿದ್ದರೆ ಮುಂದಿನ ಸಭೆಗೆ ಒಯ್ದು ಒಪ್ಪಿಗೆ ಪಡೆಯಿರಿ. ಈಗಾಗಲೇ ಅದರ ಪ್ರಕಾರ ಕೆಲಸ ನಡೆದಿದ್ದರೆ ಘಟನೋತ್ತರ ಅನುಮೋದನೆ ಎಂದು ಸ್ಪಷ್ಟವಾಗಿ ಬರೆದು ಕೇಳಿ. ಬೇಡವಾದರೆ ಜಾಲತಾಣದಿಂದ ಇಳಿಸಿ.

ಈಗ ದಾಖಲೆಯ ತಲೆಭಾಗ. ಪ್ರತಿ ನೀತಿಯ ಮೊದಲ ಪುಟದ ಮೇಲೆ ಒಂದು ಚೌಕಟ್ಟು ಹಾಕಿ. ಪುನರ್ಮೌಲ್ಯಮಾಪನದ ಕಾರ್ಯವಿಧಾನವಾದರೆ ಅದು ಹೀಗಿರಲಿ:

ದಾಖಲೆ ಸಂಖ್ಯೆ: ಮೌಲ್ಯ-07
ಆವೃತ್ತಿ: 3
ಹೊಣೆ: ಕುಲಸಚಿವರು, ಮೌಲ್ಯಮಾಪನ
ಅನುಮೋದನೆ: ಸಭೆಯ ಹೆಸರು, ಎಷ್ಟನೆಯದು, ತಾರೀಖು, ವಿಷಯ ಸಂಖ್ಯೆ
ಜಾರಿ: ತಾರೀಖು, ಮತ್ತು ಯಾವ ಸಾಲಿನಲ್ಲಿ ಪ್ರವೇಶ ಪಡೆದವರಿಂದ
ರದ್ದಾದದ್ದು: ಮೌಲ್ಯ-07, ಆವೃತ್ತಿ 2
ಆಧಾರ: ಯಾವ ಅಧಿನಿಯಮ, ಯಾವ ಪ್ರಕರಣ (ಸೆಕ್ಷನ್)
ಮುಂದಿನ ಪರಿಶೀಲನೆ: ತಿಂಗಳು, ವರ್ಷ

'ಯಾವ ಸಾಲಿನಲ್ಲಿ ಪ್ರವೇಶ ಪಡೆದವರಿಂದ' ಎಂಬುದನ್ನು ಬಿಟ್ಟರೆ ಮುಂದೆ ಪ್ರತಿ ಬ್ಯಾಚಿಗೂ ವಿವಾದ ಏಳುತ್ತದೆ. ಯುಜಿಸಿಯ ಪಿಎಚ್‌ಡಿ ವಿನಿಯಮ ಇದಕ್ಕೆ ಒಳ್ಳೆಯ ಮಾದರಿ. 2022ರ ನವೆಂಬರ್ 7ರಂದು ಹೊಸ ವಿನಿಯಮದ ಅಧಿಸೂಚನೆ ಬಂದಾಗ, ಅದಕ್ಕೂ ಮೊದಲು ನೋಂದಾಯಿಸಿಕೊಂಡವರಿಗೆ ಸಂದರ್ಭಾನುಸಾರ 2009ರ ಅಥವಾ 2016ರ ವಿನಿಯಮವೇ ಅನ್ವಯ ಎಂದು ಅದರಲ್ಲೇ ಬರೆದಿದ್ದರು. ಅಂದ ಮೇಲೆ ಸಂಶೋಧನಾ ವಿಭಾಗದ ಕಪಾಟಿನಲ್ಲಿ ಮೂರೂ ಇರಬೇಕು, ಜೊತೆಗೆ ಆಯಾ ಕಾಲದಲ್ಲಿ ವಿಶ್ವವಿದ್ಯಾಲಯ ಮಾಡಿಕೊಂಡ ವಿನಿಯಮವೂ.

ಕಂಪ್ಯೂಟರಿನಲ್ಲಿ ಫೈಲಿನ ಹೆಸರಿಗೂ ಇದೇ ಸಂಖ್ಯೆ ಕೊಡಿ: ದಾಖಲೆ ಸಂಖ್ಯೆ, ಆವೃತ್ತಿ, ಆಮೇಲೆ ವರ್ಷ-ತಿಂಗಳು-ದಿನ. ವರ್ಷ ಮೊದಲಿದ್ದರೆ ಫೈಲುಗಳು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. 'ಫೈನಲ್', 'ಫೈನಲ್ ಹೊಸದು', 'ಸರ್ ತಿದ್ದಿದ್ದು' ಎಂಬ ಹೆಸರುಗಳಿಗೆ ಜಾಗವೇ ಕೊಡಬೇಡಿ.

ಒಳಗಿನ ಬರವಣಿಗೆಗೆ ಬರೋಣ. ಕಚೇರಿ ಕನ್ನಡದಲ್ಲಿ ಅತಿ ಹೆಚ್ಚು ಹಾನಿ ಮಾಡುವ ವಾಕ್ಯ ಇದು: 'ಅರ್ಜಿಗಳನ್ನು ಪರಿಶೀಲಿಸಿ ನಿಗದಿತ ಅವಧಿಯಲ್ಲಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು.' ಯಾರು ಪರಿಶೀಲಿಸಬೇಕು, ಎಷ್ಟು ದಿನದಲ್ಲಿ, ಕ್ರಮ ಎಂದರೆ ಏನು, ಒಂದಕ್ಕೂ ಉತ್ತರವಿಲ್ಲ. ಅದನ್ನೇ ಹೀಗೆ ಬರೆಯಿರಿ: 'ಅರ್ಜಿ ತಲುಪಿದ 7 ಕೆಲಸದ ದಿನಗಳೊಳಗೆ ಉಪಕುಲಸಚಿವರು ಅದನ್ನು ಒಪ್ಪತಕ್ಕದ್ದು ಅಥವಾ ಕಾರಣ ಬರೆದು ತಿರಸ್ಕರಿಸತಕ್ಕದ್ದು.' 'ತಕ್ಕದ್ದು' ಎಂದರೆ ಕಡ್ಡಾಯ, 'ಬಹುದು' ಎಂದರೆ ವಿವೇಚನೆ. ಇವೆರಡನ್ನೂ ಬೆರೆಸಬೇಡಿ. 'ಮಾಡಬೇಕು', 'ಮಾಡತಕ್ಕದ್ದು', 'ಮಾಡುವುದು' ಮೂರನ್ನೂ ಒಂದೇ ದಾಖಲೆಯಲ್ಲಿ ಬಳಸಿದರೆ ಮೂರಕ್ಕೂ ಬೇರೆ ಅರ್ಥವಿದೆಯೆಂದು ವಾದಿಸುವವರು ಬಂದೇ ಬರುತ್ತಾರೆ. ದಿನಗಳ ಲೆಕ್ಕವನ್ನೂ ಬಿಡಿಸಿ ಹೇಳಿ: ಫಲಿತಾಂಶ ಪ್ರಕಟವಾದ ದಿನ ಲೆಕ್ಕಕ್ಕಿದೆಯೇ, ಕೊನೆಯ ದಿನ ರಜೆ ಬಿದ್ದರೆ ಮರುದಿನಕ್ಕೆ ಹೋಗುತ್ತದೆಯೇ. ಶುಲ್ಕದ ಮೊತ್ತವನ್ನು ನೀತಿಯ ಒಳಗೆ ಬರೆಯದೆ ಅನುಬಂಧಕ್ಕೆ ಹಾಕಿ. ಇಲ್ಲದಿದ್ದರೆ ಐವತ್ತು ರೂಪಾಯಿ ಏರಿಸಲಿಕ್ಕೂ ಇಡೀ ನೀತಿಯನ್ನು ಮತ್ತೆ ಸಭೆಗೆ ಒಯ್ಯಬೇಕಾಗುತ್ತದೆ.

ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಹೊರಡಿಸುವುದಾದರೆ, ವ್ಯತ್ಯಾಸ ಬಂದಾಗ ಯಾವ ಪಠ್ಯ ಅಂತಿಮ ಎಂಬ ಒಂದು ಸಾಲು ಕೊನೆಯಲ್ಲಿ ಇರಲಿ. ಎರಡನ್ನೂ ಒಬ್ಬರೇ ಕೂತು ಸಾಲು ಸಾಲಾಗಿ ತಾಳೆ ನೋಡಬೇಕು.

ಅನುಮೋದನೆಯ ದಾರಿ ಎಲ್ಲರಿಗೂ ಗೊತ್ತಿರುವುದೇ: ಕಡತ ನೋಡಿಕೊಳ್ಳುವ ವಿಷಯ ನಿರ್ವಾಹಕರ ಟಿಪ್ಪಣಿ, ಅಧೀಕ್ಷಕರು, ಸಹಾಯಕ ಮತ್ತು ಉಪಕುಲಸಚಿವರು, ಕುಲಸಚಿವರು, ಕುಲಪತಿಗಳು, ಅಲ್ಲಿಂದ ಕಾರ್ಯಸೂಚಿ. ಶೈಕ್ಷಣಿಕ ವಿಷಯವಾದರೆ ಅಭ್ಯಾಸ ಮಂಡಳಿ ಮತ್ತು ವಿದ್ಯಾವಿಷಯಕ ಪರಿಷತ್ತು ಮೊದಲು. ಹಣದ ಹೊರೆ ಇದ್ದರೆ ಹಣಕಾಸು ಅಧಿಕಾರಿಗಳ ಅಭಿಪ್ರಾಯ ಟಿಪ್ಪಣಿ ಹಾಳೆಯ ಮೇಲೇ ಇರಬೇಕು, ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ಎಡವುವುದು ಸಭೆ ಮುಗಿದ ಮೇಲೆ. ಸದಸ್ಯರು ಬಾಯಿಮಾತಿನಲ್ಲಿ ನಾಲ್ಕು ತಿದ್ದುಪಡಿ ಹೇಳಿರುತ್ತಾರೆ. ನಡವಳಿಯಲ್ಲಿ, ಅಂದರೆ ಸಭೆಯ ಲಿಖಿತ ವರದಿಯಲ್ಲಿ, 'ಚರ್ಚಿಸಿ, ಸೂಚಿಸಿದ ತಿದ್ದುಪಡಿಗಳೊಂದಿಗೆ ಅನುಮೋದಿಸಲಾಯಿತು' ಎಂದಿರುತ್ತದೆ. ತಿದ್ದುಪಡಿ ಯಾವುವು ಎಂದು ಎಲ್ಲೂ ಇರುವುದಿಲ್ಲ, ಅನುಬಂಧದಲ್ಲಿ ಹಳೆಯ ಕರಡೇ ಉಳಿದಿರುತ್ತದೆ. ಎರಡು ವರ್ಷದ ಮೇಲೆ ಆ ಕರಡೇ ಅಧಿಕೃತ ಪ್ರತಿಯಾಗಿ ಕೋರ್ಟಿಗೆ ಹೋಗುತ್ತದೆ. ಆದ್ದರಿಂದ ಸಭೆಯಲ್ಲೇ ಒಬ್ಬರು ಪ್ರತಿ ತಿದ್ದುಪಡಿಯನ್ನೂ ಪುಟ, ಕಂಡಿಕೆ ಸಂಖ್ಯೆಯೊಂದಿಗೆ ಬರೆದುಕೊಂಡು, ವಿಷಯ ಮುಗಿಯುವ ಮೊದಲು ಗಟ್ಟಿಯಾಗಿ ಓದಿ ಹೇಳಬೇಕು. ಅವು ನಡವಳಿಯಲ್ಲಿ ಪದಶಃ ಬರಬೇಕು. ತಿದ್ದಿದ ಪೂರ್ಣ ಪಠ್ಯವನ್ನು ಅನುಬಂಧವಾಗಿ ಸೇರಿಸಿ, ಸಭೆಯ ಕಾರ್ಯದರ್ಶಿ ಪ್ರತಿ ಪುಟಕ್ಕೂ ಸಹಿ ಹಾಕಬೇಕು. ಮುಂದಿನ ಸಭೆಯಲ್ಲಿ ನಡವಳಿ ದೃಢೀಕರಣವಾದ ತಾರೀಖನ್ನೂ ವಹಿಯಲ್ಲಿ ಗುರುತಿಸಿ.

ಪ್ರಕಟಣೆಯಲ್ಲಿ ನಮ್ಮ ಭಾಷೆಗೇ ಸೇರಿದ ಒಂದು ತೊಡಕಿದೆ. 'ನುಡಿ' ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ ಟೈಪ್ ಮಾಡಿದ ಕಡತಗಳು ಯೂನಿಕೋಡ್ ಅಲ್ಲ. ಪರದೆಯ ಮೇಲೆ ಕನ್ನಡವೇ ಕಾಣುತ್ತದೆ, ಆದರೆ ಒಳಗಿರುವುದು ಬೇರೆ ಸಂಕೇತ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಅರ್ಥವಿಲ್ಲದ ಅಕ್ಷರಗಳು, ಹುಡುಕಿದರೆ ಒಂದು ಪದವೂ ಸಿಗದು. ಹೊಸ ದಾಖಲೆಯನ್ನೆಲ್ಲ ಯೂನಿಕೋಡಿನಲ್ಲೇ ಮಾಡಿ. ಹಳೆಯದನ್ನು ಪರಿವರ್ತಕದಿಂದ ಬದಲಿಸಿದ ಮೇಲೆ ಅರ್ಕಾವೊತ್ತು, ಒತ್ತಕ್ಷರ, ಅಂಕಿಗಳನ್ನು ಕಣ್ಣಿಟ್ಟು ಓದಿ. ಹೆಚ್ಚಾಗಿ ಮುರಿಯುವುದು ಅಲ್ಲೇ. ಪಿಡಿಎಫ್ ಆದ ಮೇಲೆ ಒಂದು ಪದ ಹುಡುಕಿ ನೋಡಿ. ಸಿಗದಿದ್ದರೆ ಅದು ಬರಿ ಚಿತ್ರ ಇಲ್ಲವೇ ಹಳೆಯ ಸಂಕೇತ, ವಾಪಸ್ ಕಳುಹಿಸಿ. ಹಳೆಯ ಊರ ಹೆಸರುಗಳನ್ನೂ ಮರೆಯಬೇಡಿ: 2014ರ ನವೆಂಬರ್ 1ಕ್ಕಿಂತ ಮುಂಚಿನ ಕಡತಗಳಲ್ಲಿ 'ಬಿಜಾಪುರ', 'ಬೆಳಗಾಂ' ಎಂದು ಹುಡುಕಬೇಕು. ವಿಜಯಪುರದ ಮಹಿಳಾ ವಿಶ್ವವಿದ್ಯಾಲಯಕ್ಕೆ ಅಕ್ಕಮಹಾದೇವಿಯ ಹೆಸರು ಬಂದದ್ದು 2017ರಲ್ಲಿ, 2003ರಿಂದ ಅಲ್ಲಿಯವರೆಗಿನ ದಾಖಲೆಗಳಲ್ಲಿ ಆ ಹೆಸರು ಇರುವುದಿಲ್ಲ. ಆದೇಶದ ಮೂಲ ಪಠ್ಯವನ್ನು ತಿದ್ದದೆ, ವಹಿಯಲ್ಲಿ ಎರಡೂ ಹೆಸರು ನಮೂದಿಸಿದರೆ ಸಾಕು.

ಜಾಲತಾಣದಲ್ಲಿ ಒಂದು ನೀತಿಗೆ ಒಂದೇ ಕೊಂಡಿ, ಅದು ಆವೃತ್ತಿ ಬದಲಾದರೂ ಬದಲಾಗಬಾರದು. ಕಾಲೇಜುಗಳ ವಾಟ್ಸ್‌ಆ್ಯಪ್ ಗುಂಪಿಗೆ ಆ ಕೊಂಡಿಯನ್ನೇ ಕಳುಹಿಸಿ, ಪಿಡಿಎಫ್ ಕಳುಹಿಸಬೇಡಿ. ಕಳುಹಿಸಿದ ಪಿಡಿಎಫ್ ಅಥಣಿಯ, ಇಂಡಿಯ, ಹುನಗುಂದದ ಫೋನುಗಳಲ್ಲಿ ವರ್ಷಗಟ್ಟಲೆ ಉಳಿದು, ರದ್ದಾದ ಮೇಲೂ ಓಡಾಡುತ್ತದೆ. ಹಳೆಯ ಆವೃತ್ತಿಗಳನ್ನು ಅದೇ ಪುಟದ ಕೆಳಗೆ, 'ಇಂತಿಂಥ ತಾರೀಖಿನಿಂದ ಇಂತಿಂಥ ತಾರೀಖಿನವರೆಗೆ ಜಾರಿಯಲ್ಲಿತ್ತು' ಎಂಬ ಅಡ್ಡ ಮುದ್ರೆಯೊಂದಿಗೆ ಇಡಿ. ಮಾಹಿತಿ ಹಕ್ಕು ಅಧಿನಿಯಮ, 2005ರ ಪ್ರಕರಣ 4(1)(ಬಿ) ತಾನಾಗಿ ಪ್ರಕಟಿಸಬೇಕೆಂದು ಹೇಳುವ 17 ಬಾಬುಗಳಲ್ಲಿ ಸಂಸ್ಥೆ ಬಳಸುವ ನಿಯಮ, ವಿನಿಯಮ, ಸೂಚನೆ, ಕೈಪಿಡಿಗಳೂ ಸೇರಿವೆ. ಇದನ್ನು ಸರಿಯಾಗಿ ಮಾಡಿದರೆ 30 ದಿನದೊಳಗೆ ಉತ್ತರಿಸಬೇಕಾದ ಅರ್ಜಿಗಳೇ ಕಡಿಮೆಯಾಗುತ್ತವೆ.

ಪರಿಶೀಲನೆಗೆ ಮೂರು ವರ್ಷ ಸಾಕಷ್ಟು ಅವಧಿ. ಆದರೆ ಸಮಿತಿಗಳ ಅವಧಿಗೆ ಬೇರೆ ಕ್ಯಾಲೆಂಡರ್ ಇಡಿ. ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿಯ ಸದಸ್ಯರ ಅವಧಿ ಮೂರು ವರ್ಷ ಮೀರುವಂತಿಲ್ಲ. ಅವಧಿ ಮುಗಿದ ಸಮಿತಿ ವಿಚಾರಣೆ ನಡೆಸಿದರೆ, ನ್ಯಾಯ ಕೇಳಿ ಬಂದ ಹೆಣ್ಣುಮಗಳ ದೂರೇ ತಾಂತ್ರಿಕ ಕಾರಣಕ್ಕೆ ಬಿದ್ದುಹೋಗಬಹುದು. ಮೂರು ತಿಂಗಳು ಮೊದಲೇ ಕಡತ ಏಳಬೇಕು.

ಕಾಗದದ ಮೂಲ ಪ್ರತಿಗಳನ್ನು ಬೆಳಗಾವಿಯ ಮಳೆಗಾಲದಲ್ಲಿ ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ. ಗೋಡೆಯಿಂದಲೂ ನೆಲದಿಂದಲೂ ಅರ್ಧ ಅಡಿ ಬಿಡಿ. ಸ್ಟೇಪಲ್ ಪಿನ್ ತುಕ್ಕು ಹಿಡಿದು ಕಾಗದವನ್ನು ತಿನ್ನುತ್ತದೆ, ಅದನ್ನು ತೆಗೆದು ದಾರ ಕಟ್ಟಿ. ವಿಜಯಪುರ, ಬಾಗಲಕೋಟೆಯ ಕಡೆ ತೊಂದರೆ ಧೂಳಿನದು, ಮುಚ್ಚಳವಿರುವ ಪೆಟ್ಟಿಗೆ ಬೇಕು.

ವಿಷಯ ನಿರ್ವಾಹಕರಿಗೆ ವರ್ಗವಾದ ದಿನ ವಹಿಯ ಮುದ್ರಿತ ಪ್ರತಿಯನ್ನು ಮುಂದಿಟ್ಟುಕೊಂಡು, ಬಂದವರೂ ಹೋಗುವವರೂ ಒಟ್ಟಿಗೆ ಕಪಾಟಿನ ಮುಂದೆ ನಿಂತು ಮೂಲ ಕಡತಗಳನ್ನು ಒಂದೊಂದಾಗಿ ಗುರುತು ಹಾಕಬೇಕು. ಸಿಗದ ಕಡತದ ಎದುರು 'ಸಿಕ್ಕಿಲ್ಲ' ಎಂದೇ ಬರೆದು ಇಬ್ಬರೂ ಸಹಿ ಮಾಡಿ, ಒಂದು ಪ್ರತಿಯನ್ನು ಕುಲಸಚಿವರ ಕಚೇರಿಗೆ ಆವಕದಲ್ಲಿ (ಬಂದ ಪತ್ರಗಳ ವಹಿಯಲ್ಲಿ) ಏರಿಸಿ ಕೊಡಿ.