ರಕ್ತ ಕಮ್ಮಿ ಇದೆಯಾ? ಮಾತ್ರೆಯ ಜೊತೆ ಕಾಫಿಯ ಹೊತ್ತನ್ನೂ ನೋಡಿಕೊಳ್ಳಿ

ಕಾಲೇಜು ಹುಡುಗಿ ಇರಲಿ, ಬಾಣಂತಿ ಇರಲಿ, ತೋಟದಲ್ಲಿ ಕಾಫಿ ಕೊಯ್ಯುವ ಹೆಂಗಸು ಇರಲಿ, 'ಸುಸ್ತು' ಅಂದ ಕೂಡಲೇ ನಮ್ಮ ಕೊಡಗಿನ ಕಡೆ ಸಿಗುವ ಸಲಹೆ ಒಂದೇ. ಬೀಟ್‌ರೂಟ್ ತಿನ್ನು, ಖರ್ಜೂರ ತಿನ್ನು, ರಕ್ತ ಆಗುತ್ತದೆ. ಹೇಳಿದವರು ಹೇಳಿ ಹೋಗುತ್ತಾರೆ, ಕೇಳಿದವರು ಊಟ ಮುಗಿಸಿ ಒಂದು ಲೋಟ ಕಾಫಿ ಕುಡಿದು ಮತ್ತೆ ಕೆಲಸಕ್ಕೆ ಹೊರಡುತ್ತಾರೆ. ರಕ್ತ ಆಗಲು ಬೇಕಾದದ್ದು ಕಬ್ಬಿಣದ ಅಂಶ. ತಿಂದ ಕಬ್ಬಿಣದಲ್ಲಿ ಎಷ್ಟು ಮೈಗೆ ಸೇರಿತು ಎಂದು ಯಾರೂ ಕೇಳುವುದಿಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಎಲ್ಲವೂ ಕಬ್ಬಿಣದ ಕೊರತೆಯಿಂದಲೇ ಬಂದದ್ದಲ್ಲ. ಆದರೆ ದೊಡ್ಡ ಪಾಲು ಅದರದ್ದೇ. ಹಾಗಾದರೆ ಎಲ್ಲಿಂದ ಶುರು ಮಾಡಬೇಕು?

ಮೊದಲು ಪರೀಕ್ಷೆ, ಆಮೇಲೆ ಮಾತ್ರೆ

ಏರು ಹತ್ತುವಾಗ ಏದುಸಿರು, ಎದೆ ಡವಡವ, ಕೂದಲು ಉದುರುವುದು, ಕಣ್ಣಿನ ಕೆಳರೆಪ್ಪೆಯ ಒಳಗೆ ಬಿಳಿಚಿಕೊಳ್ಳುವುದು, ಇವು ಎಲ್ಲರಿಗೂ ಗೊತ್ತಿರುವ ಲಕ್ಷಣಗಳು. ಗೊತ್ತಿಲ್ಲದ ಒಂದಿದೆ. ಹಸಿ ಅಕ್ಕಿ, ಮಣ್ಣು, ಸೀಮೆಸುಣ್ಣ, ಐಸ್ ತಿನ್ನಬೇಕು ಅನ್ನಿಸುವುದು. ಅದನ್ನು ಕೆಟ್ಟ ಚಾಳಿ ಎಂದು ಬೈಯುತ್ತೇವೆ. ಬೈಯುವ ಮೊದಲು ರಕ್ತ ಪರೀಕ್ಷೆ ಮಾಡಿಸಿ.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬೆರಳು ಚುಚ್ಚಿ ಹಿಮೋಗ್ಲೋಬಿನ್, ಅಂದರೆ ರಕ್ತದ ಕೆಂಪು ಅಂಶ, ನೋಡುತ್ತಾರೆ. 100 ಮಿಲಿಲೀಟರ್ ರಕ್ತದಲ್ಲಿ ಹೆಂಗಸರಿಗೆ 12, ಗರ್ಭಿಣಿಯರಿಗೆ 11, ಗಂಡಸರಿಗೆ 13 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. ಇದರಲ್ಲಿ ಕೊಡಗಿನವರು ಗಮನಿಸಬೇಕಾದ ಒಂದು ಮಾತಿದೆ. ಎತ್ತರದ ಊರಿನಲ್ಲಿ ಇರುವವರಿಗೆ ಹಿಮೋಗ್ಲೋಬಿನ್ ಸ್ವಲ್ಪ ಜಾಸ್ತಿಯೇ ಇರಬೇಕು. ಮಡಿಕೇರಿ 1100 ಮೀಟರಿಗಿಂತ ಮೇಲಿದೆ. ಅಂಥ ಜಾಗಗಳಲ್ಲಿ ಈ ಗಡಿಯನ್ನು ತುಸು ಏರಿಸಿ ನೋಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಆದ್ದರಿಂದ '12.1 ಇದೆ, ಏನೂ ತೊಂದರೆ ಇಲ್ಲ' ಎಂದು ರಿಪೋರ್ಟು ಮಡಚಿಡಬೇಡಿ. ಸುಸ್ತು ಇದ್ದರೆ ಡಾಕ್ಟರನ್ನು ಕೇಳಿ.

ಹಿಮೋಗ್ಲೋಬಿನ್ ಒಂದರಿಂದ ಕಬ್ಬಿಣದ ಕೊರತೆ ಖಚಿತವಾಗುವುದಿಲ್ಲ. ಸಿಬಿಸಿ (ರಕ್ತಕಣಗಳ ಪೂರ್ತಿ ಎಣಿಕೆ) ಮತ್ತು ಫೆರಿಟಿನ್ ಪರೀಕ್ಷೆ ಬೇಕಾಗಬಹುದು. ಮೈಯಲ್ಲಿ ಎಷ್ಟು ಕಬ್ಬಿಣ ಕೂಡಿಟ್ಟಿದೆ ಎಂದು ಫೆರಿಟಿನ್ ಹೇಳುತ್ತದೆ. ರಿಪೋರ್ಟಿನಲ್ಲಿ ಅದು 15ಕ್ಕಿಂತ (ng/ml) ಕೆಳಗಿದ್ದರೆ ಸಂಶಯವೇ ಇಲ್ಲ, 30ಕ್ಕಿಂತ ಕೆಳಗಿದ್ದರೂ ಹಲವು ಡಾಕ್ಟರುಗಳು ಕೊರತೆ ಎಂದೇ ನೋಡುತ್ತಾರೆ. ಜ್ವರ, ಸೋಂಕು ಇರುವಾಗ ಫೆರಿಟಿನ್ ಸುಮ್ನೆ ಮೇಲೇರಿ ಮೋಸ ಮಾಡುತ್ತದೆ. ಜ್ವರ ಬಂದು ಹೋಗಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಇಷ್ಟೆಲ್ಲ ಯಾಕೆ ಅಂದರೆ, ರಕ್ತ ಕಮ್ಮಿ ಇದ್ದವರಿಗೆಲ್ಲ ಕಬ್ಬಿಣದ ಮಾತ್ರೆ ಸರಿಹೋಗುವುದಿಲ್ಲ. ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ, ವಂಶದಲ್ಲಿ ಬರುವ ತಲಸ್ಸೇಮಿಯಾ ಗುಣ ಇರುವವರ ಸಿಬಿಸಿ ನೋಡಲು ಕಬ್ಬಿಣದ ಕೊರತೆಯ ಹಾಗೇ ಕಾಣುತ್ತದೆ. ಕೆಂಪು ರಕ್ತಕಣಗಳು ಕುಡುಗೋಲಿನ ಆಕಾರಕ್ಕೆ ತಿರುಗುವ, ಇದೂ ವಂಶದಲ್ಲಿ ಬರುವ ಸಿಕಲ್ ಸೆಲ್ ಕಾಯಿಲೆಯಲ್ಲೂ ಹಿಮೋಗ್ಲೋಬಿನ್ ಇಳಿಯುತ್ತದೆ. ಬುಡಕಟ್ಟು ಸಮುದಾಯಗಳಲ್ಲಿ ಇದು ಹೆಚ್ಚು, ಅದಕ್ಕಾಗಿಯೇ 2023ರಲ್ಲಿ ರಾಷ್ಟ್ರೀಯ ಸಿಕಲ್ ಸೆಲ್ ಅಭಿಯಾನ ಶುರುವಾಗಿದೆ. ಹಾಡಿಗಳಲ್ಲಿ (ಬುಡಕಟ್ಟಿನವರ ಕೇರಿಗಳಲ್ಲಿ) ಇರುವವರು ಸಿಕಲ್ ಸೆಲ್ ಪರೀಕ್ಷೆಯನ್ನು ಒಮ್ಮೆ ಮಾಡಿಸಿಕೊಂಡರೆ ಒಳ್ಳೆಯದು. ಈ ಎರಡರಲ್ಲಿ ಯಾವುದಿದ್ದರೂ ಕೊರತೆ ಖಚಿತವಾಗದೆ ಕಬ್ಬಿಣದ ಮಾತ್ರೆ ನುಂಗಬಾರದು.

ರಕ್ತ ಎಲ್ಲಿ ಸೋರುತ್ತಿದೆ?

ಕಾರಣ ಹುಡುಕದೆ ಮಾತ್ರೆ ತಿಂದರೆ ತೂತು ಬಿಂದಿಗೆಗೆ ನೀರು ತುಂಬಿದ ಹಾಗೆ. ಮುಟ್ಟಿನಲ್ಲಿ ಏಳು ದಿನಕ್ಕಿಂತ ಜಾಸ್ತಿ ರಕ್ತ ಹೋಗುತ್ತಿದೆಯಾ? ಗಟ್ಟಿ ಗಟ್ಟಿ ಗಡ್ಡೆಗಳು ಬೀಳುತ್ತವೆಯಾ? ಮೂಲವ್ಯಾಧಿ ಇದೆಯಾ? ಬೆನ್ನುನೋವಿಗೆ ಮೆಡಿಕಲ್ ಶಾಪಿನಿಂದ ತಂದ ಮಾತ್ರೆಗಳನ್ನು ದಿನಾ ನುಂಗುತ್ತೀರಾ? ಅವು ಹೊಟ್ಟೆಯಲ್ಲಿ ಹುಣ್ಣು ಮಾಡಿ ಗೊತ್ತಾಗದ ಹಾಗೆ ರಕ್ತ ಸುರಿಸುತ್ತವೆ. ಗಂಡಸರಲ್ಲಿ ಮತ್ತು ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣ ಕಡಿಮೆಯಾಗಿದ್ದರೆ ಹೊಟ್ಟೆ, ಕರುಳಿನ ತಪಾಸಣೆ ಆಗಲೇಬೇಕು. ಕರುಳಿನ ಕ್ಯಾನ್ಸರ್ ಕೆಲವೊಮ್ಮೆ ಹೀಗೇ ಮೊದಲು ಗೊತ್ತಾಗುತ್ತದೆ.

ಇನ್ನು ಕೊಕ್ಕೆಹುಳ. ಮಳೆಗಾಲದಲ್ಲಿ ನಾವು ಹೆದರುವುದು ಜಿಗಣೆಗೆ. ಸುಣ್ಣ, ಉಪ್ಪು, ಹೊಗೆಸೊಪ್ಪು ಎಲ್ಲ ಸಿದ್ಧ ಇರುತ್ತದೆ. ಆದರೆ ನಾಲ್ಕು ಜಿಗಣೆ ಕಚ್ಚಿದರೆ ಯಾರಿಗೂ ರಕ್ತಹೀನತೆ ಬರುವುದಿಲ್ಲ. ಕಣ್ಣಿಗೆ ಕಾಣದ ಕೊಕ್ಕೆಹುಳದ ಮರಿ ಒದ್ದೆ ಮಣ್ಣಿನಿಂದ ಬರಿಗಾಲಿನ ಚರ್ಮ ಕೊರೆದು ಒಳಗೆ ಸೇರುತ್ತದೆ. ಆಮೇಲೆ ಕರುಳಿಗೆ ಕಚ್ಚಿಕೊಂಡು ವರ್ಷಗಟ್ಟಲೆ ರಕ್ತ ಕುಡಿಯುತ್ತದೆ. ನೆರಳು, ತೇವ, ಎಲೆ ಕೊಳೆತ ಮಣ್ಣು ಇರುವ ತೋಟ ಅದಕ್ಕೆ ಹೇಳಿ ಮಾಡಿಸಿದ ಜಾಗ. ತೋಟದಲ್ಲಿ ಗಂಬೂಟು ಅಥವಾ ಮುಚ್ಚಿದ ಚಪ್ಪಲಿ, ಕೆಲಸಗಾರರ ಲೈನ್ ಮನೆಗಳಲ್ಲಿ ಬಳಸುವಂಥ ಶೌಚಾಲಯ, ಇವೆರಡೂ ಮಾತ್ರೆಯಷ್ಟೇ ಮುಖ್ಯ. ಕೆಲಸಗಾರರಿಗೆ ಬೂಟು ಕೊಡಿಸುವುದು ತೋಟದ ಮಾಲೀಕರಿಗೆ ದೊಡ್ಡ ಖರ್ಚೇನೂ ಅಲ್ಲ. ಹುಳದ ಮಾತ್ರೆ ಆಲ್ಬೆಂಡಜೋಲ್ ಅನ್ನು ಫೆಬ್ರುವರಿ ಮತ್ತು ಆಗಸ್ಟ್‌ನಲ್ಲಿ ಶಾಲೆ, ಅಂಗನವಾಡಿಗಳಲ್ಲಿ ಮಕ್ಕಳಿಗೆ ಕೊಡುತ್ತಾರೆ. ದೊಡ್ಡವರು ಡಾಕ್ಟರನ್ನು ಕೇಳಿ ತೆಗೆದುಕೊಳ್ಳಬಹುದು.

ತಟ್ಟೆಯಲ್ಲಿ ಏನಿರಲಿ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಲೆಕ್ಕದಲ್ಲಿ ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ, ಗಂಡಸರಿಗೆ 19 ಮಿಲಿಗ್ರಾಂ ಕಬ್ಬಿಣ ಬೇಕು. ನಮ್ಮ ಬಿಳಿ ಅಕ್ಕಿಯಲ್ಲಿ 100 ಗ್ರಾಂಗೆ ಒಂದು ಮಿಲಿಗ್ರಾಂ ಕೂಡ ಇಲ್ಲ. ಬೆಳಿಗ್ಗೆ ನೂಪುಟ್ಟು (ಅಕ್ಕಿ ಶಾವಿಗೆ), ಮಧ್ಯಾಹ್ನ ಅನ್ನ, ರಾತ್ರಿ ಅಕ್ಕಿ ರೊಟ್ಟಿ ಎಂದಾದರೆ ಲೆಕ್ಕ ನೀವೇ ಹಾಕಿ.

ಹಾಗೆಂದು ಅಕ್ಕಿ ಬಿಡಬೇಕಾಗಿಲ್ಲ. ಜೊತೆಗೆ ಏನು ಬರುತ್ತದೆ ಎಂಬುದು ಮುಖ್ಯ. ಅಕ್ಕಿ ರೊಟ್ಟಿಗೆ ಎಳ್ಳಿನ ಪಜ್ಜಿ (ಚಟ್ನಿ) ಮಾಡುವುದು ನಮ್ಮಲ್ಲಿ ಹಳೆಯ ಪದ್ಧತಿ. ಎಳ್ಳಿನಲ್ಲಿ ಕಬ್ಬಿಣ ಚೆನ್ನಾಗಿದೆ. ಹುರುಳಿ ಸಾರು, ಮೊಳಕೆ ಹೆಸರುಕಾಳು, ಹರಿವೆ ಸೊಪ್ಪು, ನುಗ್ಗೆ ಸೊಪ್ಪು, ಕುಶಾಲನಗರ ಕಡೆಯವರಾದರೆ ರಾಗಿ. ಕಾಳು, ರಾಗಿಯನ್ನು ನೆನೆಸಿ ಮೊಳಕೆ ಬರಿಸಿದರೆ ಕಬ್ಬಿಣವನ್ನು ಹಿಡಿದಿಡುವ ಅಂಶ ಕಡಿಮೆಯಾಗುತ್ತದೆ.

ಗಿಡದಿಂದ ಬರುವ ಕಬ್ಬಿಣ ಮೈಗೆ ಸೇರುವುದು ಸ್ವಲ್ಪವೇ. ಅದನ್ನು ಹೆಚ್ಚಿಸುವುದು ವಿಟಮಿನ್ ಸಿ. ಒಲೆಯಿಂದ ಇಳಿಸಿದ ಮೇಲೆ ಪಲ್ಯಕ್ಕೆ ನಿಂಬೆರಸ ಹಿಂಡಿ, ಕುದಿಯುವಾಗ ಹಾಕಿದರೆ ವಿಟಮಿನ್ ಬಹಳಷ್ಟು ಹಾಳಾಗುತ್ತದೆ. ಊಟದ ಜೊತೆ ಒಂದು ಸೀಬೆಹಣ್ಣು, ನೆಲ್ಲಿಕಾಯಿ, ಸಿಗುವ ಕಾಲದಲ್ಲಿ ಕೊಡಗಿನ ಕಿತ್ತಳೆ. ಅಂಗಡಿಯ ದುಬಾರಿ ಟಾನಿಕ್ಕಿಗಿಂತ ಹಿತ್ತಲಿನ ಸೀಬೆ ಮೇಲು ಎಂದು ನಾನು ನಂಬುತ್ತೇನೆ.

ಮಾಂಸ ತಿನ್ನುವವರಿಗೆ ಒಂದು ಅನುಕೂಲ ಇದೆ. ಮಾಂಸ, ಮೀನಿನ ಕಬ್ಬಿಣ ಸುಲಭವಾಗಿ ಸೇರುತ್ತದೆ, ಜೊತೆಗಿರುವ ಕಾಳು ಸೊಪ್ಪಿನ ಕಬ್ಬಿಣವನ್ನೂ ಎಳೆದುಕೊಳ್ಳಲು ನೆರವಾಗುತ್ತದೆ. ಆದರೆ ನಮ್ಮ ಹಂದಿ ಮಾಂಸದ ಅಡುಗೆ, ಪಂದಿ ಕರಿಯ ಕಪ್ಪು ಬಣ್ಣ ನೋಡಿ ಮರುಳಾಗಬೇಡಿ! ಅದು ಕಾಚಂಪುಳಿ ಎಂಬ ಕಪ್ಪು ಹುಳಿ ಮತ್ತು ಹುರಿದ ಮಸಾಲೆಯ ಬಣ್ಣ. ಹಂದಿ ಮಾಂಸದಲ್ಲಿ ಕಬ್ಬಿಣ ಅಷ್ಟೇನೂ ಇಲ್ಲ, ಇರುವುದು ಅದರ ಲಿವರಿನಲ್ಲಿ. ಗರ್ಭಿಣಿಯರು ಮಾತ್ರ ಲಿವರ್ ತಿನ್ನದಿರುವುದು ಒಳ್ಳೆಯದು, ಅದರಲ್ಲಿ ವಿಟಮಿನ್ ಎ ತೀರಾ ಜಾಸ್ತಿ. ಬೀಟ್‌ರೂಟಿನ ಕತೆಯೂ ಅಷ್ಟೇ, ಬಣ್ಣ ಕೆಂಪು, ಕಬ್ಬಿಣ ಅಷ್ಟಕ್ಕಷ್ಟೇ. ಮಳೆಗಾಲದ ಕಕ್ಕಡ ತಿಂಗಳಲ್ಲಿ ಮದ್ದ್ ಸೊಪ್ಪಿನ ಪಾಯಸ ತಿಂದು ಮೂತ್ರ ಕೆಂಪಾದರೆ ಅದೂ ಸೊಪ್ಪಿನ ಬಣ್ಣವೇ. ಪಾಯಸ ತಿನ್ನಿ, ಆದರೆ ಮಾತ್ರೆಯ ಬದಲಿಗೆ ಅಲ್ಲ.

ಕಾಫಿ ಯಾವಾಗ?

ಕಾಫಿ ಬಿಡಿ ಎಂದು ಕೊಡಗಿನಲ್ಲಿ ಬರೆದರೆ ಯಾರೂ ಮುಂದೆ ಓದುವುದಿಲ್ಲ. ಬಿಡುವುದು ಬೇಡ, ಹೊತ್ತು ಬದಲಿಸಿ. 1983ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಊಟದ ಜೊತೆ ಒಂದು ಕಪ್ ಕಾಫಿ ಕುಡಿದಾಗ ಮೈಗೆ ಸೇರುವ ಕಬ್ಬಿಣ 39 ಶೇಕಡ ಕಡಿಮೆಯಾಯಿತು. ಚಹಾ ಇನ್ನೂ ಕೆಟ್ಟದು, 64 ಶೇಕಡ. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿ ಏನೂ ತೊಂದರೆ ಮಾಡಲಿಲ್ಲ. ಆದರೆ ಊಟವಾಗಿ ಒಂದು ಗಂಟೆಯ ನಂತರ ಕುಡಿದದ್ದು ಊಟದ ಜೊತೆ ಕುಡಿದಷ್ಟೇ ತೊಂದರೆ ಮಾಡಿತು.

ಅಂದರೆ ಊಟ ಮುಗಿಸಿ ಕೈ ತೊಳೆದು ಕುಡಿಯುವ ಆ ಲೋಟವೇ ಸಮಸ್ಯೆ. ಎದ್ದ ಕೂಡಲೇ ಕಾಫಿ ಕುಡಿದು ಒಂದು ಗಂಟೆ ಬಿಟ್ಟು ತಿಂಡಿ ತಿನ್ನಿ. ಮಧ್ಯಾಹ್ನದ್ದನ್ನು ಊಟವಾಗಿ ಎರಡು ಗಂಟೆಯ ಮೇಲಕ್ಕೆ ತಳ್ಳಿ. ಬೆಲ್ಲದ ಕಾಫಿಗೂ ಇದೇ ಮಾತು, ಬೆಲ್ಲ ಹಾಕಿದ ಮಾತ್ರಕ್ಕೆ ಕಾಫಿಯ ಗುಣ ಹೋಗುವುದಿಲ್ಲ. ಸಸ್ಯಾಹಾರಿಗಳು ಇದನ್ನು ಇನ್ನೂ ಗಟ್ಟಿಯಾಗಿ ಪಾಲಿಸಬೇಕು.

ಮಾತ್ರೆ ನುಂಗುವ ರೀತಿ

ಕೊರತೆ ಬಂದ ಮೇಲೆ ಊಟವೊಂದರಿಂದಲೇ ಅದನ್ನು ತುಂಬಿಸುವುದು ಕಷ್ಟ. ಮಾತ್ರೆ ಬೇಕೇ ಬೇಕು. ಸರ್ಕಾರಿ ಯೋಜನೆಯಲ್ಲಿ ಗರ್ಭಿಣಿಯರಿಗೆ ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ಕೆಂಪು ಮಾತ್ರೆ ಸಿಗುತ್ತದೆ. ಒಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಸಿಡ್. ಹತ್ತು ವರ್ಷ ದಾಟಿದ ಶಾಲಾ ಮಕ್ಕಳಿಗೆ ವಾರಕ್ಕೊಂದು ನೀಲಿ ಮಾತ್ರೆ. ಆಶಾ ಕಾರ್ಯಕರ್ತೆಯನ್ನು ಕೇಳಿ, ದುಡ್ಡು ಕೊಡಬೇಕಾಗಿಲ್ಲ.

ಖಾಲಿ ಹೊಟ್ಟೆಯಲ್ಲಿ ನಿಂಬೆ ನೀರಿನ ಜೊತೆ ನುಂಗಿದರೆ ಚೆನ್ನಾಗಿ ಸೇರುತ್ತದೆ. ಬೆಳಿಗ್ಗೆ ಕಾಫಿ ಬಿಡಲಾಗದವರು ರಾತ್ರಿ ಊಟವಾಗಿ ಎರಡು ಗಂಟೆ ಕಳೆದು, ಮಲಗುವ ಮುಂಚೆ ನುಂಗಲಿ. ಹಾಲು, ಕ್ಯಾಲ್ಸಿಯಂ ಮಾತ್ರೆ, ಗ್ಯಾಸಿನ ಮಾತ್ರೆ ಜೊತೆಗೆ ಬೇಡ. ಗರ್ಭಿಣಿಯರಿಗೆ ಕಬ್ಬಿಣ, ಕ್ಯಾಲ್ಸಿಯಂ ಎರಡೂ ಕೊಡುತ್ತಾರೆ. ಒಂದು ಬೆಳಿಗ್ಗೆ, ಒಂದು ರಾತ್ರಿ ಎಂದು ಹಂಚಿಕೊಳ್ಳಿ.

ಹೊಟ್ಟೆ ತೊಳಸುವುದು, ಮಲಬದ್ಧತೆ ಆಗಬಹುದು. ಹೆಚ್ಚಿನವರು ಮಾತ್ರೆ ಬಿಡುವುದು ಇದಕ್ಕೇ. ಬಿಡುವ ಬದಲು ಊಟದ ಮೇಲೆ ನುಂಗಿ ನೋಡಿ, ಅಥವಾ ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದೇ ಎಂದು ಡಾಕ್ಟರನ್ನು ಕೇಳಿ. ಒಂದು ಮಾತ್ರೆ ನುಂಗಿದ ಮೇಲೆ ಸುಮಾರು ಒಂದು ದಿನ ಕರುಳು ಹೊಸ ಕಬ್ಬಿಣವನ್ನು ಕಡಿಮೆ ಒಳಗೆ ಬಿಡುತ್ತದೆ. ಹಾಗಾಗಿ ದಿನ ಬಿಟ್ಟು ದಿನ ಎನ್ನುವುದರಲ್ಲಿ ಅರ್ಥವಿದೆ. ಮಲ ಕಪ್ಪಾಗುವುದು ಸಹಜ. ಡಾಂಬರಿನ ಹಾಗೆ ಅಂಟಂಟಾಗಿ ಕೆಟ್ಟ ವಾಸನೆ ಬಂದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಿ.

ಒಂದು ತಿಂಗಳಾದ ಮೇಲೆ ಹಿಮೋಗ್ಲೋಬಿನ್ ಮತ್ತೆ ನೋಡಿಸಿ. ಒಂದು ಗ್ರಾಂ ಆದರೂ ಏರಿರಬೇಕು. ಏರದಿದ್ದರೆ ಮಾತ್ರೆ ಸರಿಯಾಗಿ ನುಂಗುತ್ತಿಲ್ಲ, ರಕ್ತ ಇನ್ನೂ ಹೋಗುತ್ತಿದೆ, ಇಲ್ಲವೇ ಕಾಯಿಲೆ ಬೇರೆ. ಏರಿ ಸರಿಯಾದರೂ ಇನ್ನೂ ಮೂರು ತಿಂಗಳು ನಿಲ್ಲಿಸಬೇಡಿ, ಆಗಲೇ ದಾಸ್ತಾನು ತುಂಬುವುದು. ಮಾತ್ರೆ ಹಿಡಿಸದೇ ಹೋದರೆ, ಹೆರಿಗೆ ಹತ್ತಿರವಿದ್ದರೆ ಡ್ರಿಪ್ ಮೂಲಕ ಕಬ್ಬಿಣ ಕೊಡುವ ವ್ಯವಸ್ಥೆ ಇದೆ. ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿದ್ದರೆ, ಕುಳಿತಲ್ಲೇ ಏದುಸಿರು ಬಂದರೆ, ಎದೆನೋವು ಇದ್ದರೆ ಮನೆಮದ್ದಿಗೆ ಕಾಯದೆ ಅವತ್ತೇ ಆಸ್ಪತ್ರೆ.

ಮಾತ್ರೆಯ ಡಬ್ಬ ಮಕ್ಕಳ ಕೈಗೆ ಸಿಗಬಾರದು. ಕೆಂಪು ಮಾತ್ರೆ ಪುಟ್ಟ ಮಕ್ಕಳಿಗೆ ಪೆಪ್ಪರಮೆಂಟಿನ ಹಾಗೆ ಕಾಣುತ್ತದೆ, ನಾಲ್ಕಾರು ನುಂಗಿದರೂ ಜೀವಕ್ಕೆ ಅಪಾಯ.